ಎರಡು ವರ್ಷ ತಲೆಗೆ ಕಟ್ಟಿಕೊಂಡ ಮೇಲೆ: ಒಂದು ವಿಆರ್ ಹೆಡ್‌ಸೆಟ್‌ನ ವಿಮರ್ಶೆ

ಪಿಸಿ ಇಲ್ಲದೆ ತಾನೇ ಓಡುವ ಈ ಸ್ಟ್ಯಾಂಡಲೋನ್ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ತೆಗೆದುಕೊಂಡಿದ್ದು ಆಟ ಆಡಲು ಅಲ್ಲ, ಕೆಲಸಕ್ಕೆ. ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಮಾಡೆಲ್ ಮಾಡುತ್ತೇನೆ, ಗೇಮ್ ಎಂಜಿನ್‌ನಲ್ಲಿ (ಆಟ ಕಟ್ಟುವ ಸಾಫ್ಟ್‌ವೇರ್) ಜೋಡಿಸುತ್ತೇನೆ, ಆಮೇಲೆ ಇದನ್ನು ಹಾಕಿಕೊಂಡು ಒಳಗೆ ಹೋಗಿ ನೋಡುತ್ತೇನೆ. ದಿನಕ್ಕೆ ಇಪ್ಪತ್ತು ಸಲವಾದರೂ ಹಾಕುವುದು, ತೆಗೆಯುವುದು.

ಇದಿಲ್ಲದಿದ್ದರೆ ನನ್ನ ಅರ್ಧ ತಪ್ಪು ನನಗೇ ಕಾಣುತ್ತಿರಲಿಲ್ಲ. ಒಮ್ಮೆ ನಾರ್ಮಲ್ ಮ್ಯಾಪ್ (ಚಪ್ಪಟೆ ಮೇಲ್ಮೈಯೂ ಉಬ್ಬುತಗ್ಗಾಗಿ ಕಾಣುವಂತೆ ಬೆಳಕು ನೆರಳು ಬದಲಿಸುವ ಚಿತ್ರ) ಹಾಕಿ ಇಟ್ಟಿಗೆ ಗೋಡೆ ಮಾಡಿದ್ದೆ. ಮಾನಿಟರ್‌ನಲ್ಲಿ ಒಂದೊಂದು ಇಟ್ಟಿಗೆಯೂ ಉಬ್ಬಿಕೊಂಡು ನಿಂತಿತ್ತು. ಹೆಡ್‌ಸೆಟ್ ಹಾಕಿ ಹತ್ತಿರ ಹೋದರೆ ಬರೀ ವಾಲ್‌ಪೇಪರ್! ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಹೋಗುವಾಗ ಬೆಳಕು ನೆರಳಿನ ಕಣ್ಕಟ್ಟು ನಡೆಯುವುದಿಲ್ಲ. ಈಗ ಕೈಗೆಟುಕುವ ವಸ್ತುಗಳ ಉಬ್ಬುತಗ್ಗನ್ನು ಮಾಡೆಲ್‌ನಲ್ಲೇ ಮಾಡುತ್ತೇನೆ, ಮ್ಯಾಪ್ ಏನಿದ್ದರೂ ದೂರದ್ದಕ್ಕೆ.

ಇನ್ನೊಮ್ಮೆ, ಯಾರು ನೋಡುತ್ತಾರೆ ಅಂತ ಮೇಜಿನ ಅಡಿಭಾಗ ಅಳಿಸಿಬಿಟ್ಟಿದ್ದೆ. ಒಂದಿಷ್ಟು ಪಾಲಿಗಾನ್ (ಮಾಡೆಲ್ ಕಟ್ಟುವ ಚಪ್ಪಟೆ ತುಣುಕು) ಉಳಿತಾಯ ಆಗುತ್ತದಲ್ವಾ. ಟೆಸ್ಟ್ ಮಾಡಲು ಬಂದ ಗೆಳೆಯ ಮೊದಲು ಮಾಡಿದ್ದೇ ಮಂಡಿಯೂರಿ ಅದರ ಕೆಳಗೆ ಇಣುಕಿದ್ದು. "ಏನೋ ಇದು, ಮೇಜೇ ಇಲ್ಲ, ಸೀದಾ ಛಾವಣಿ ಕಾಣ್ತಿದೆ" ಅಂದ.

ಚಿಪ್ ಮೊಬೈಲಿನದ್ದು, ಅದನ್ನು ಮರೆಯಬಾರದು. 72 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 72 ಚಿತ್ರ ತೋರಿಸುವಾಗ, ಒಂದು ಫ್ರೇಮ್‌ಗೆ (ಒಂದು ಚಿತ್ರಕ್ಕೆ) ಸಿಗುವುದು ಸುಮಾರು 14 ಮಿಲಿಸೆಕೆಂಡ್, ಅಷ್ಟರಲ್ಲಿ ಎರಡೂ ಕಣ್ಣಿನ ಚಿತ್ರ ಮುಗಿಯಬೇಕು. ಪಿಸಿಯಲ್ಲಿ ನೀರಿನ ಹಾಗೆ ಓಡಿದ ದೃಶ್ಯ ಇಲ್ಲಿ ತಡವರಿಸುತ್ತದೆ. ಹೊಗೆ, ಗಾಜು, ದಟ್ಟ ಎಲೆಗಳು ಬಂದರಂತೂ ಮುಗಿಯಿತು. ಹೀಗೆ ತಡವರಿಸುವ ದೃಶ್ಯದಲ್ಲಿ ಕೈಯಲ್ಲಿನ ಕಂಟ್ರೋಲರ್‌ನ ಸ್ಟಿಕ್ ಒತ್ತಿ ನಡೆದರೆ ನನಗೆ ಐದೇ ನಿಮಿಷಕ್ಕೆ ಹೊಟ್ಟೆ ತೊಳೆಸುತ್ತದೆ. ಅದಕ್ಕೇ ನನ್ನ ಎಲ್ಲ ಕೆಲಸದಲ್ಲೂ ಟೆಲಿಪೋರ್ಟ್ (ನಡೆಯದೆ, ತೋರಿಸಿದ ಜಾಗಕ್ಕೆ ಸೀದಾ ಜಿಗಿಯುವುದು) ಇಟ್ಟೇ ಇಡುತ್ತೇನೆ.

ಬರಹದ್ದು ಬೇರೆಯೇ ಗೋಳು. ಲೆನ್ಸಿನ ಫೋಕಸ್ ಒಂದೇ ದೂರಕ್ಕೆ ಕೂತಿರುತ್ತದೆ. ಫಲಕವನ್ನು ಮೂಗಿನ ಹತ್ತಿರ ಇಟ್ಟರೆ ಕಣ್ಣುಗುಡ್ಡೆ ಒಳಗೆ ತಿರುಗಬೇಕು, ಫೋಕಸ್ ಮಾತ್ರ ಅಲ್ಲೇ ಇರಬೇಕು. ಹತ್ತು ನಿಮಿಷಕ್ಕೆ ಕಣ್ಣು ಸೋಲುತ್ತದೆ. ಒಂದೂವರೆ, ಎರಡು ಮೀಟರ್ ಆಚೆ, ಅಕ್ಷರ ಸ್ವಲ್ಪ ದಪ್ಪ ಮಾಡಿ ಇಟ್ಟರೆ ಸರಿ. ಇನ್ನು ಕನ್ನಡ ಹಾಕಿದರೆ ನಾನು ಬಳಸುವ ಎಂಜಿನ್‌ನಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದೇ ಇಲ್ಲ. 'ಕಣ್ಣು' ಹೋಗಿ 'ಕಣ್‌ಣು' ಆಗುತ್ತದೆ. ಬೇರೆ ಕಡೆ ಟೈಪ್ ಮಾಡಿ ಚಿತ್ರವಾಗಿ ತಂದು ಅಂಟಿಸುತ್ತಿದ್ದೇನೆ. ಒಂದು ಕಾಗುಣಿತ ತಪ್ಪಿದರೂ ಮತ್ತೆ ಅಷ್ಟೂ ಕೆಲಸ.

ಎಆರ್‌ಗೆ (ನಿಜವಾದ ಜಾಗದಲ್ಲಿ ಡಿಜಿಟಲ್ ವಸ್ತು ಕೂರಿಸಿ ತೋರಿಸುವುದಕ್ಕೆ) ಇರುವ ಪಾಸ್‌ಥ್ರೂ, ಅಂದರೆ ಕ್ಯಾಮೆರಾ ಮೂಲಕ ಹೊರಗಿನದನ್ನು ತೋರಿಸುವ ಸೌಲಭ್ಯ, ಹಗಲಲ್ಲಿ ಪರವಾಗಿಲ್ಲ, ಮಬ್ಬು ಬೆಳಕಲ್ಲಿ ಜಾಸ್ತಿ ಕಾಳುಕಾಳು. ನಿಜವಾದ ಮೇಜಿನ ಮೇಲೆ ಇಟ್ಟ ಡಿಜಿಟಲ್ ಹೂಜಿ ಎಷ್ಟು ಹೊಂದಿಸಿದರೂ ತೇಲುತ್ತಲೇ ಇತ್ತು. ತಳಕ್ಕೆ ಒಂದು ಮಸುಕು ನೆರಳು ಹಾಕಿದೆ ನೋಡಿ, ಪಟ್ಟನೆ ಕೂತಿತು.

ಬ್ಯಾಟರಿ ಎರಡು ಗಂಟೆ ಬಂದರೆ ಪುಣ್ಯ, ಕೇಬಲ್ ಸಿಕ್ಕಿಸಿಕೊಂಡೇ ಕೂರುತ್ತೇನೆ. ಭಾರವೆಲ್ಲ ಮುಂದಕ್ಕೇ ಇರುವುದರಿಂದ ಪಟ್ಟಿ ಬದಲಿಸಿದೆ, ಬೆವರು ಕುಡಿದ ಫೋಮ್ ಎರಡು ಸಲ ಬದಲಿಸಿದೆ. ಸುಮ್ನೆ ವಿಡಿಯೋ ನೋಡುವ ಆಸೆಗೆ ಇದನ್ನು ಕೊಳ್ಳಬೇಡಿ. ಕಂಟೆಂಟ್ ಮಾಡುವವರಾದರೆ ಕೊಳ್ಳಿ. ನನ್ನದರಲ್ಲಿ ಈಗ ಎಡಗೈ ಕಂಟ್ರೋಲರ್‌ನ ಸ್ಟಿಕ್ ಮುಟ್ಟದಿದ್ದರೂ ಪಕ್ಕಕ್ಕೆ ಸರಿಯುತ್ತಿದೆ. ಶುರುವಾಗಿದ್ದು ವಾರಂಟಿ ಮುಗಿದ ಮೇಲೆಯೇ, ಇನ್ನೇನು.