ಪಾಮ್ ಗಿಡಕ್ಕೆ ಪ್ಲಾಸ್ಟಿಕ್ ಸುತ್ತಿ ಹಾಗೇ ಬಿಟ್ಟುಬಿಡಬೇಡಿ: ನನ್ನ ಮರದ ಸುಳಿ ಕೊಳೆತದ್ದು ಹೀಗೆ

ಅಮೆರಿಕದ ಡಾಲಸ್ ಸುತ್ತಮುತ್ತ ಹೊಸದಾಗಿ ಮನೆ ಕೊಂಡ ನಮ್ಮವರು ಡಿಸೆಂಬರ್ ಬಂತೆಂದರೆ ಕೇಳುವ ಪ್ರಶ್ನೆ, "ಅಂಗಳದ ಪಾಮ್ ಗಿಡಕ್ಕೆ ಚಳಿಗೆ ಏನು ಸುತ್ತಬೇಕು?" ಯಾರಾದರೂ ತಕ್ಷಣ ಉತ್ತರ ಕೊಡುತ್ತಾರೆ: "ಟಾರ್ಪಾಲು ಸುತ್ತಿ ಬಿಗಿಯಾಗಿ ಕಟ್ಟಿ, ಒಳಗೆ ಕ್ರಿಸ್‌ಮಸ್ ಲೈಟು ಬಿಡಿ, ಅಷ್ಟೇ." 2021ರ ಫೆಬ್ರವರಿಯಲ್ಲಿ ನಾನು ಮಾಡಿದ್ದೂ ಅಷ್ಟೇ. ಎರಡು ಮರ ಹೋದವು. ಒಂದು ಏನು ಮಾಡಿದ್ದರೂ ಉಳಿಯುತ್ತಿರಲಿಲ್ಲ. ಇನ್ನೊಂದು ಆ ಚಳಿಯನ್ನು ದಾಟಿ ಬಂದಿತ್ತು; ಆಮೇಲೆ ಅದನ್ನು ಸಾಯಿಸಿದ್ದು ನಾನು. ಆ ಸಂಕಟದಿಂದಲೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಪಾಮ್ ಇದ್ದರೆ ದಯವಿಟ್ಟು ಪೂರ್ತಿ ಓದಿ.

2018ರ ವಸಂತದಲ್ಲಿ ಎರಡೂ ಗಿಡ ತಂದದ್ದು. ನಾನು ಸಾಗರದ ಕಡೆಯ ಅಡಿಕೆ ತೋಟದ ಮನೆಯವಳು. ಬೋಳು ಹುಲ್ಲಿನ ಅಂಗಳದಲ್ಲಿ ಸೋಗೆ ಅಲ್ಲಾಡುವುದನ್ನು ನೋಡಬೇಕೆಂಬ ಆಸೆ ಎಷ್ಟಿತ್ತೆಂದು ಹೇಳಲಾರೆ. ನರ್ಸರಿಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಕ್ವೀನ್ ಪಾಮ್. ನೋಡಲು ಥೇಟ್ ತೆಂಗು. ಸಸ್ಯಶಾಸ್ತ್ರದವರೇ ಒಂದು ಕಾಲಕ್ಕೆ ಅದನ್ನು ತೆಂಗಿನ ಕುಲಕ್ಕೆ ಸೇರಿಸಿ ಕೊಕೋಸ್ ಪ್ಲುಮೋಸಾ ಎಂದು ಕರೆದಿದ್ದರು. "ಇಲ್ಲಿನ ಚಳಿ ತಡೆಯುತ್ತದಾ?" ಎಂದು ಕೇಳಿದೆ. "ತಡೆಯುತ್ತದೆ, ತುಂಬಾ ಚಳಿಯಾದರೆ ಒಂದು ಹೊದಿಕೆ ಹಾಕಿ" ಎಂದರು. ಪಕ್ಕದಲ್ಲಿ ವಿಂಡ್‌ಮಿಲ್ ಪಾಮ್ ಇತ್ತು, ಬೀಸಣಿಗೆಯಂಥ ಎಲೆ, ಕಾಂಡಕ್ಕೆಲ್ಲ ಕಂದು ನಾರು. ಅದನ್ನೂ ತಂದೆ.

ಈ ಎರಡು ಗಿಡಗಳ ನಡುವಿನ ಅಂತರ ಅಂಗಡಿಯವರು ಹೇಳಲಿಲ್ಲ, ನಾನೂ ಹುಡುಕಲಿಲ್ಲ. ಕ್ವೀನ್ ಪಾಮ್ ದಕ್ಷಿಣ ಅಮೆರಿಕದ ಬೆಚ್ಚನೆ ಸೀಮೆಯದು. 20 ಫ್ಯಾರನ್‌ಹೀಟ್, ಅಂದರೆ ಮೈನಸ್ 7 ಸೆಲ್ಸಿಯಸ್ ಹತ್ತಿರ ಬಂದರೇ ಅದಕ್ಕೆ ಬಲವಾದ ಪೆಟ್ಟು. ವಿಂಡ್‌ಮಿಲ್ ಪಾಮ್ ಚೀನಾ ಮೂಲದ ಗಟ್ಟಿ ಜೀವ. ಅಲ್ಲಿ ಅದರ ನಾರಿನಿಂದ ಹಗ್ಗ, ಮಳೆಗೆ ಹೊದೆಯುವ ಗೊರಬಿನಂಥದ್ದು ಎಲ್ಲ ಮಾಡುತ್ತಿದ್ದರು. ಕೆನಡಾದ ವ್ಯಾಂಕೂವರ್ ಸಮುದ್ರ ದಂಡೆಯಲ್ಲೂ ಅದು ನಿಂತಿದೆ. ಬೇರು ಬಿಟ್ಟ ಮರ 10 ಫ್ಯಾರನ್‌ಹೀಟ್ (ಮೈನಸ್ 12) ತಡೆಯುತ್ತದೆ, ಕೆಲವು ಅದಕ್ಕೂ ಕೆಳಗೆ ಇಳಿದು ಬದುಕುತ್ತವೆ.

ಇನ್ನೊಂದು ತಪ್ಪು ತಿಳಿವಳಿಕೆ, ಯಾವ ಊರಿನಲ್ಲಿ ಚಳಿ ಎಷ್ಟು ಇಳಿಯುತ್ತದೆಂದು ತೋರಿಸುವ ವಲಯದ ನಕ್ಷೆಯದು. ಇಲ್ಲಿನ ಕೃಷಿ ಇಲಾಖೆಯ 2012ರ ನಕ್ಷೆಯಲ್ಲಿ ನಮ್ಮ ಊರು 8ಎ, ಅಂದರೆ 10ರಿಂದ 15 ಫ್ಯಾರನ್‌ಹೀಟ್. ಅದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ ಎಂದು ನಾನು ಓದಿಕೊಂಡಿದ್ದೆ. ಆ ಅಂಕಿ ಪ್ರತಿ ವರ್ಷದ ಅತಿ ಚಳಿಯ ರಾತ್ರಿಗಳ ಸರಾಸರಿ. ಸರಾಸರಿ ಎಂದ ಮೇಲೆ ಅದಕ್ಕಿಂತ ಕೆಟ್ಟ ವರ್ಷವೂ ಅದರೊಳಗೇ ಇದೆ. 1899ರಲ್ಲಿ ಈ ಪ್ರದೇಶ ಮೈನಸ್ 8 ಫ್ಯಾರನ್‌ಹೀಟ್ ಕಂಡಿದೆ. ಮರ ನೆಡುವವರು ನೋಡಬೇಕಾದದ್ದು ಅಂಥ ವರ್ಷಗಳನ್ನು.

2021ರ ಫೆಬ್ರವರಿ ಎರಡನೆಯ ವಾರ ಮುನ್ಸೂಚನೆ ಬಂತು. 10ನೇ ತಾರೀಕು ಸಂಜೆ ಕೆಲಸ ಮುಗಿಸಿ ಹಾರ್ಡ್‌ವೇರ್ ಅಂಗಡಿಗೆ ಓಡಿದೆ. ದಪ್ಪ ಪ್ಲಾಸ್ಟಿಕ್ ಹಾಳೆ, ಟೇಪು, ಎರಡು ಸರ ಎಲ್‌ಇಡಿ ದೀಪ. ಆಗಲೇ ಸಣ್ಣಗೆ ಹನಿಯುತ್ತಿತ್ತು. ಎಲೆಗಳು ಒದ್ದೆ, ಸುಳಿಯಲ್ಲಿ ನೀರು. ಹಾಗೇ ಎಲೆಗಳನ್ನೆಲ್ಲ ಮೇಲಕ್ಕೆತ್ತಿ ಕಟ್ಟಿ, ಬುಡದಿಂದ ತುದಿಯವರೆಗೆ ಪ್ಲಾಸ್ಟಿಕ್ ಸುತ್ತಿ, ಗಾಳಿಯಾಡದಂತೆ ಟೇಪು ಅಂಟಿಸಿದೆ. ಮರುದಿನ ಬೆಳಿಗ್ಗೆ ಅದೇ ಹನಿ ರಸ್ತೆಗಳ ಮೇಲೆ ಹೆಪ್ಪುಗಟ್ಟಿ ಫೋರ್ಟ್‌ವರ್ತ್‌ನಲ್ಲಿ ನೂರಕ್ಕೂ ಹೆಚ್ಚು ವಾಹನಗಳು ಒಂದರ ಮೇಲೊಂದು ಬಿದ್ದವು, ಆರು ಜನ ಸತ್ತರು. ಅದೇ ನೀರನ್ನು ನಾನು ಮರದ ನೆತ್ತಿಯಲ್ಲಿ ಕೂಡಿಹಾಕಿ ಬಾಯಿ ಕಟ್ಟಿದ್ದೆ.

ದೀಪದ ವಿಷಯವನ್ನೂ ಹೇಳಬೇಕು, ಏಕೆಂದರೆ ಈ ಸಲಹೆ ಹಳೆಯ ಕಾಲದ್ದು. ಹಳೇ ಮಾದರಿಯ ಸಿ9, ಅಂದರೆ ಕ್ರಿಸ್‌ಮಸ್ ಸರದ ದಪ್ಪ ಬಲ್ಬು, ಒಂದೊಂದೂ 7 ವ್ಯಾಟ್. 25 ಬಲ್ಬಿನ ಸರ 175 ವ್ಯಾಟ್, ಬಹುಪಾಲು ಶಾಖವಾಗಿಯೇ ಹೊರಬೀಳುತ್ತದೆ. ಎಲ್‌ಇಡಿ ಬಲ್ಬು ಉಣ್ಣುವುದು ಒಂದು ವ್ಯಾಟಿನ ಆಸುಪಾಸು. ಬೆಳಕು ಚೆನ್ನಾಗಿ ಕಾಣುತ್ತದೆ, ಗಿಡಕ್ಕೆ ಬಿಸಿ ತಗಲುವುದಿಲ್ಲ. ನಾನು ಕಿಟಕಿಯಿಂದ ನೋಡಿ ಸಮಾಧಾನಪಟ್ಟದ್ದು ಬರೀ ಬೆಳಕನ್ನು.

ಅದೂ ಉಳಿಯಲಿಲ್ಲ. 15ರ ನಸುಕಿನಲ್ಲಿ ಕರೆಂಟು ಹೋಯಿತು. ಟೆಕ್ಸಾಸಿನಲ್ಲಿ ಆಗ 45 ಲಕ್ಷಕ್ಕೂ ಹೆಚ್ಚು ಮನೆಗಳು ಕತ್ತಲಾದವು, ರಾಜ್ಯ ಸರ್ಕಾರದ ಲೆಕ್ಕದಲ್ಲೇ 246 ಜನ ತೀರಿಕೊಂಡರು. 16ರಂದು ಡಾಲಸ್–ಫೋರ್ಟ್‌ವರ್ತ್ ವಿಮಾನ ನಿಲ್ದಾಣದಲ್ಲಿ ಮೈನಸ್ 2 ಫ್ಯಾರನ್‌ಹೀಟ್, ಮೈನಸ್ 19 ಸೆಲ್ಸಿಯಸ್. 1949ರ ನಂತರ ಅಷ್ಟು ಇಳಿದಿರಲಿಲ್ಲ. ಐದು ದಿನಕ್ಕೂ ಹೆಚ್ಚು ಕಾಲ ಹೊರಗೆ ಮಂಜುಗಡ್ಡೆ ಕರಗುವಷ್ಟೂ ಬಿಸಿಯಾಗಲಿಲ್ಲ. ನಾವು ನಾಲ್ಕು ಜನ ಒಂದೇ ಕೋಣೆಯಲ್ಲಿ ಇದ್ದಬದ್ದ ರಜಾಯಿ ಹೊದ್ದು ಕೂತಿದ್ದೆವು. ಗಿಡದ ಯೋಚನೆ ಬರಲೂ ಇಲ್ಲ, ಬರಬೇಕಾಗಿಯೂ ಇರಲಿಲ್ಲ. ಆ ದಿನಗಳಲ್ಲಿ ಮನೆಯೊಳಗೆ ಇದ್ದಿಲು ಒಲೆ, ಗ್ಯಾರೇಜಿನಲ್ಲಿ ಜನರೇಟರ್ ಹಚ್ಚಿ ಕಾರ್ಬನ್ ಮೊನಾಕ್ಸೈಡ್‌ಗೆ ಬಲಿಯಾದವರು ಇದ್ದಾರೆ. ಮರಕ್ಕಾಗಿ ಟಾರ್ಪಾಲಿನೊಳಗೆ ಗ್ಯಾಸ್ ಹೀಟರ್ ಇಡುವುದು, ಕಿಟಕಿಯ ಪಕ್ಕ ಜನರೇಟರ್ ಓಡಿಸುವುದು ಯಾವತ್ತೂ ಬೇಡ.

20ರಂದು ಹೊರಗೆ ಹೋಗಿ ನೋಡಿದೆ. ಕ್ವೀನ್ ಪಾಮ್‌ನ ಕಾಂಡ ಆಗಲೇ ಒಂದು ಕಡೆ ಸೀಳಿತ್ತು. ವಿಂಡ್‌ಮಿಲ್‌ನ ಪ್ಲಾಸ್ಟಿಕ್ ಸ್ವಲ್ಪ ಸರಿಸಿ, ಸ್ಟೂಲ್ ಹತ್ತಿ, ಕೈ ತೂರಿಸಿ ಸುಳಿ ಹಿಡಿದು ಜಗ್ಗಿದೆ. ಗಟ್ಟಿಯಾಗಿತ್ತು. ಎಲೆಯ ಅಂಚು ಕಂದಿದ್ದರೂ ನಡುವಿನ ನಾಲ್ಕು ಎಲೆಯ ದಂಟು ಹಸಿರು. ಆ ಗಳಿಗೆಯಲ್ಲಿ ಪ್ಲಾಸ್ಟಿಕ್ ಕಿತ್ತು ಬಿಸಾಡಿದ್ದರೆ ಮರ ಬದುಕುತ್ತಿತ್ತೆಂದು ನಾನು ನಂಬಿದ್ದೇನೆ. ಆದರೆ ಮನಸ್ಸಿಗೆ ಅಂಜಿಕೆ ಹೊಕ್ಕಿತ್ತು. ಮಾರ್ಚಿನಲ್ಲಿ ಇನ್ನೊಂದು ಚಳಿ ಬಂದರೆ? ಇರಲಿ ಬಿಡು ಎಂದು ಮತ್ತೆ ಟೇಪು ಅಂಟಿಸಿದೆ.

ಚಳಿ ಹೋದ ವೇಗ ಬಂದ ವೇಗಕ್ಕಿಂತ ಹೆಚ್ಚು. ಆ ವಾರವೇ ಹಗಲು 20 ಸೆಲ್ಸಿಯಸ್ ದಾಟಿತು. ಬಿಸಿಲಿಗೆ ಪ್ಲಾಸ್ಟಿಕ್ಕಿನ ಒಳಗೆ ಬೆವರಿನಂತೆ ಹನಿಗಟ್ಟಿದ್ದು ಹೊರಗಿನಿಂದಲೇ ಕಾಣುತ್ತಿತ್ತು. ನೆತ್ತಿಯ ನೀರಿಗೆ ಇಂಗಲು ಜಾಗವಿಲ್ಲ, ಆರಲು ಗಾಳಿಯಿಲ್ಲ. ಚಳಿಯಿಂದ ಗಾಯಗೊಂಡ ಎಳೆಯ ತಿರುಳು, ಬೆಚ್ಚಗಿನ ತೇವ, ಕತ್ತಲು. ಬೂಷ್ಟಿಗೂ ಬ್ಯಾಕ್ಟೀರಿಯಕ್ಕೂ ಇನ್ನೇನು ಬೇಕು? ಮಾರ್ಚ್ ನಡುವಿನಲ್ಲಿ ಬಿಚ್ಚಿದಾಗ ಮೊದಲು ಬಂದದ್ದು ವಾಸನೆ. ಸುಳಿ ಮುಟ್ಟಿದ್ದೇ ತಡ, ಬೆಣ್ಣೆಯಿಂದ ಎಳೆದ ಹಾಗೆ ಕೈಗೆ ಬಂತು. ಬುಡ ಕಂದು ಲೋಳೆ.

ಊರಿನಲ್ಲಿ ಬೆಳೆದವಳಿಗೆ ಇದು ಗೊತ್ತಿರಬೇಕಿತ್ತು. ಮಾವು, ಹಲಸಿನ ತಲೆ ಹೋದರೆ ಪಕ್ಕದಲ್ಲಿ ಚಿಗುರುತ್ತದೆ. ಅಡಿಕೆ, ತೆಂಗು, ಈ ವಿಂಡ್‌ಮಿಲ್, ಎಲ್ಲಕ್ಕೂ ಬೆಳೆಯುವ ಕಣ್ಣು ನೆತ್ತಿಯಲ್ಲಿ ಒಂದೇ. ಅದು ಕೊಳೆತರೆ ಹಸಿರು ಎಲೆ ಎಷ್ಟಿದ್ದರೂ ಮರ ಮುಗಿಯಿತು. ಬುಡದಿಂದ ಮರಿ ಹಾಕುವ ಕೆಲವು ಜಾತಿಗಳು ಬೇರೆ. ನಮ್ಮಲ್ಲಿ ಮಳೆಗಾಲಕ್ಕೆ ಅಡಿಕೆ ಗೊನೆಗೆ ನೀರು ತಾಗದಂತೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುತ್ತಾರಲ್ಲ, ಪ್ಲಾಸ್ಟಿಕ್ ಕೊಟ್ಟೆಯಾದರೂ ಕೆಳಬಾಯಿ ತೆರೆದೇ ಇರುತ್ತದೆ. ನೀರು ಒಳಗೆ ಇಳಿಯಬಾರದು, ಇಳಿದದ್ದು ಹೊರಗೆ ಹೋಗಬೇಕು, ಗಾಳಿ ಆಡಬೇಕು. ಇಪ್ಪತ್ತು ಮಳೆಗಾಲ ಕಣ್ಣಾರೆ ಕಂಡದ್ದನ್ನು ಡಾಲಸ್‌ನಲ್ಲಿ ಮರೆತೆ.

ಇಷ್ಟಕ್ಕೇ ನಿಂತಿದ್ದರೂ ಒಂದು ಸಣ್ಣ ಆಸೆ ಇತ್ತು: ಸುಳಿ ಕಿತ್ತು ಬಂದರೂ ಅದರ ಕೆಳಗಿನ ಕಣ್ಣು ಇನ್ನೂ ಕೊಳೆತಿರದಿದ್ದರೆ? ಆ ವಾರ ಬೀದಿಬೀದಿಯಲ್ಲಿ ಮರ ಕಡಿಯುವವರ ಟ್ರಕ್ಕು ತಿರುಗುತ್ತಿತ್ತು. ಒಬ್ಬರು ಬಾಗಿಲು ತಟ್ಟಿ, "ಎಲೆಯೆಲ್ಲ ತೆಗೆದರೆ ಮರದ ಶಕ್ತಿ ಸುಳಿಗೆ ಹೋಗುತ್ತದೆ, ಗೊಬ್ಬರವನ್ನೂ ಹಾಕಿಕೊಡುತ್ತೇವೆ" ಎಂದರು. ಒಪ್ಪಿಕೊಂಡೆ. ಹಸಿರಿದ್ದ ನಾಲ್ಕು ಎಲೆಯನ್ನೂ ಬೋಳಿಸಿದರು. ಬೇರೆ ಮನೆಯ ಸತ್ತ ಮರ ಕೊಯ್ದ ಗರಗಸವನ್ನು ಒರೆಸಲೂ ಇಲ್ಲ. ರಾತ್ರಿ ಅಪ್ಪಯ್ಯನಿಗೆ ವಿಡಿಯೋ ಕರೆ ಮಾಡಿ ತೋರಿಸಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸುಳಿ ಹೋಗಿತ್ತು, ಸರಿ. ಎಲೆ ಯಾಕೆ ಕಡಿಸಿದೆ ಕೂಸೇ? ಉಣ್ಣೋದು ಎಲ್ಲಿಂದ ಅದು?" ಎಂದರು.

ಸುಳಿ ಕೊಳೆತ ತೆಂಗಿಗೆ ಊರಿನಲ್ಲಿ ಏನು ಮಾಡುತ್ತಾರೆಂದು ಅವರೇ ನೆನಪಿಸಿದರು: ಕೊಳೆತ ಭಾಗವನ್ನು ಗಟ್ಟಿ ಬಿಳಿ ತಿರುಳು ಸಿಗುವವರೆಗೆ ಕೆತ್ತಿ, ಮೈಲುತುತ್ತ–ಸುಣ್ಣದ ಬೋರ್ಡೋ ಮುಲಾಮು ಹಚ್ಚಿ, ಮಳೆನೀರು ಇಳಿಯದಂತೆ ಮೇಲೊಂದು ಮರೆ ಮಾಡುತ್ತಾರೆ. ಇಲ್ಲಿಯೂ ಚಳಿಪೆಟ್ಟು ತಿಂದ ಪಾಮ್‌ಗೆ ತಾಮ್ರದ ಶಿಲೀಂಧ್ರನಾಶಕವನ್ನೇ ಸುಳಿಗೆ ಹೊಯ್ಯಲು ಹೇಳುತ್ತಾರೆ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಪದೇ ಪದೇ ಹೊಯ್ದರೆ ತಾಮ್ರವೇ ಗಿಡಕ್ಕೆ ವಿಷ. ಚಳಿ ಕಳೆದ ಮೊದಲ ವಾರವೇ ಮಾಡಬೇಕಾದ ಕೆಲಸ ಇದು. ನಾನು ಮಾಡಿದ್ದು ಮಾರ್ಚ್ ಕೊನೆಗೆ. ಜೂನ್‌ವರೆಗೆ ಕಾದೆ. ಕಾಂಡದ ನೆತ್ತಿ ಒತ್ತಿದರೆ ಬೆರಳು ಇಳಿಯುವಷ್ಟು ಮೆತ್ತಗಾದ ಮೇಲೆ ಕಡಿಸಿದೆ.

ಪಕ್ಕದ ಬೀದಿಯಲ್ಲಿ ವಿಯೆಟ್ನಾಂ ಮೂಲದ ಅಜ್ಜರೊಬ್ಬರಿದ್ದಾರೆ. ಅವರ ವಿಂಡ್‌ಮಿಲ್ ನನ್ನದರಷ್ಟೇ ದೊಡ್ಡದು. ಬುಡಕ್ಕೆ ಒಂದಡಿ ಎತ್ತರ ಒಣ ತರಗು ಹಾಕಿ, ನೆತ್ತಿಗೆ ಹಳೆಯ ಹತ್ತಿ ಬೆಡ್‌ಶೀಟುಗಳನ್ನು ಸಡಿಲವಾಗಿ ಸುತ್ತಿದ್ದರು. ಬಿಸಿಲು ಬಂದ ಮೊದಲ ದಿನವೇ ಬಿಚ್ಚಿ ಹಗ್ಗಕ್ಕೆ ಒಣಹಾಕಿದರು. ಅವರ ಮರದ ಎಲೆಯೆಲ್ಲ ಕಂದಿತು, ನೋಡಿದರೆ ಸತ್ತಿದೆ ಎನ್ನಬೇಕು. ಅವರು ಒಂದನ್ನೂ ಕಡಿಯಲಿಲ್ಲ. ಮೇ ತಿಂಗಳಲ್ಲಿ ಅದರ ನಡುವಿನಿಂದ ಹೊಸ ಬೀಸಣಿಗೆ ಎದ್ದಿತು. ಆ ದಾರಿಯಲ್ಲಿ ನಡೆದು ಹೋಗುವುದು ನನಗೆ ಆ ವರ್ಷ ಕಷ್ಟವಾಗಿತ್ತು.

ಈಗ ನಾನು ಮಾಡುವುದು ಅವರಿಂದ ಕಲಿತದ್ದೇ. ಕ್ವೀನ್ ಪಾಮ್ ಇದ್ದ ಜಾಗದಲ್ಲಿ ಟೆಕ್ಸಾಸಿನದೇ ನೆಲದ ಕುಳ್ಳ ಪಾಮ್, ಸೇಬಲ್ ಮೈನರ್ ಇದೆ. ಅದಕ್ಕೆ ಏನೂ ಹೊದಿಸುವುದಿಲ್ಲ. ಹೊಸ ವಿಂಡ್‌ಮಿಲ್‌ಗೆ ಸಾಮಾನ್ಯ ಚಳಿಗೆ ಬುಡದ ತರಗು ಬಿಟ್ಟರೆ ಬೇರೇನೂ ಇಲ್ಲ. 15 ಫ್ಯಾರನ್‌ಹೀಟ್‌ಗಿಂತ ಕೆಳಗೆ ಎಂದು ಮುನ್ಸೂಚನೆ ಬಂದರೆ ಮಾತ್ರ, ಮಳೆಗೆ ಮುಂಚೆಯೇ, ನೆತ್ತಿ ಒಣಗಿರುವಾಗ ಎಲೆಗಳನ್ನು ಹತ್ತಿ ಹಗ್ಗದಿಂದ ಸಡಿಲವಾಗಿ ಎತ್ತಿ ಕಟ್ಟುತ್ತೇನೆ. ಎರಡು ದಿನ ಮೊದಲು ಬುಡಕ್ಕೆ ನೀರು ಬಿಡುತ್ತೇನೆ, ಒದ್ದೆ ಮಣ್ಣು ಶಾಖ ಹಿಡಿದಿಡುತ್ತದೆ. ತಲೆಗೆ ಹನಿಯೂ ಬೀಳಬಾರದು. ನೆತ್ತಿಯ ಸುತ್ತ ಹಳೇ ಬಗೆಯ ಬಿಸಿಯಾಗುವ ಬಲ್ಬಿನ ಸರ, ಬಟ್ಟೆಗೆ ತಾಗದಂತೆ. ಅದನ್ನು 35 ಫ್ಯಾರನ್‌ಹೀಟ್‌ಗೆ ತಾನೇ ಹೊತ್ತಿ 45ಕ್ಕೆ ಆರುವ ಪ್ಲಗ್ಗಿಗೆ ಸಿಕ್ಕಿಸುತ್ತೇನೆ. ಮೇಲೆ ಬೆಡ್‌ಶೀಟು, ಇಲ್ಲವೇ ಇಲ್ಲಿ ಸಿಗುವ ಗಿಡ ಹೊದಿಸುವ ಬಿಳಿ ಬಟ್ಟೆ, ಎರಡು ಪದರ. ಹಿಮ, ಮಳೆ ಎರಡೂ ಇದ್ದರೆ ಎಲ್ಲಕ್ಕಿಂತ ಹೊರಗೆ ಪ್ಲಾಸ್ಟಿಕ್ಕನ್ನು ಕೊಡೆಯಂತೆ ತಲೆಯ ಮೇಲೆ ಮಾತ್ರ, ಕೆಳಗೆ ಬಾಯಿ ತೆರೆದು. ಹಗಲು ಸೊನ್ನೆ ಸೆಲ್ಸಿಯಸ್ ದಾಟಿದ ದಿನ ಎಲ್ಲವೂ ಕೆಳಗೆ. ಮತ್ತೆ ಚಳಿ ಬಂದರೆ ಮತ್ತೆ ಹೊದಿಸುವುದು, ಅರ್ಧ ಗಂಟೆಯ ಕೆಲಸ.

ಚಳಿ ಕಳೆದ ಮೇಲೆ ಇನ್ನೊಂದು ಕೆಲಸ. ಸುಳಿ ಮತ್ತು ಪಕ್ಕದ ಎಲೆಯ ದಂಟು ಎರಡಕ್ಕೂ ಸೇರಿ ಒಂದೇ ಅಡ್ಡಗೆರೆಯನ್ನು ಮಾರ್ಕರ್ ಪೆನ್ನಿನಿಂದ ಎಳೆಯಿರಿ. ಸುಳಿ ಬೆಳೆಯುತ್ತಿದ್ದರೆ ಅದರ ಮೇಲಿನ ಗೆರೆ ದಂಟಿನ ಗೆರೆಯನ್ನು ಬಿಟ್ಟು ಮೇಲೇರುತ್ತದೆ. ಅಲ್ಲಿಯವರೆಗೆ ಕತ್ತರಿ, ಗೊಬ್ಬರ, ಬಾಗಿಲು ತಟ್ಟುವ ಟ್ರಕ್ಕಿನವರು ಯಾರನ್ನೂ ಹತ್ತಿರ ಬಿಡಬೇಡಿ. 2024ರ ಜನವರಿಯ ಚಳಿ ಕಳೆದ ಮೇಲೆ ನಾನೂ ಹಾಗೆ ಗೆರೆ ಎಳೆದು ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ನೋಡುತ್ತಿದ್ದೆ. ಆರು ವಾರ ಎರಡೂ ಗೆರೆ ಒಂದೇ ಮಟ್ಟದಲ್ಲಿದ್ದವು. ಮಾರ್ಚ್ ಮೊದಲ ವಾರ ಸುಳಿಯ ಗೆರೆ ಒಂದು ಬೆರಳಗಲ ಮೇಲೆ ಹೋಗಿತ್ತು. ಫೋಟೋ ತೆಗೆದು ಅಪ್ಪಯ್ಯನಿಗೆ ಕಳಿಸಿದೆ.