ಸ್ಟೇಡಿಯಂನಲ್ಲಿ ಸಣ್ಣ ಕಪ್ಪೋ, ದೊಡ್ಡ ಕಪ್ಪೋ, ನೀರೋ? ಅಳೆದು ನೋಡಿದ ಲೆಕ್ಕ

ಸ್ಟೇಡಿಯಂ ಒಳಗೆ ಎಲ್ಲದಕ್ಕೂ ರೇಟು ಜಾಸ್ತಿ. ಇದು ಎಲ್ಲರಿಗೂ ಗೊತ್ತು, ಅದರ ಬಗ್ಗೆ ನನಗೆ ದೊಡ್ಡ ತಕರಾರೂ ಇಲ್ಲ. ಮಳಿಗೆಯವರು ಲೈಸೆನ್ಸ್ ದುಡ್ಡು ಕಟ್ಟಿರುತ್ತಾರೆ, ವರ್ಷದಲ್ಲಿ ಕೆಲವೇ ದಿನ ವ್ಯಾಪಾರ, ಒಂದಷ್ಟು ಜಾಸ್ತಿ ತಗೊಳ್ಳಲಿ. ಆದರೆ ಒಂದು ಕಪ್ ಕೋಲಾಕ್ಕೆ ನನ್ನಿಂದ 80 ರೂಪಾಯಿ ತಗೊಂಡ ಮೇಲೆ ನನಗೆ ಎಷ್ಟು ಕೊಟ್ಟರು ಅನ್ನುವುದನ್ನಾದರೂ ಹೇಳಬೇಕಲ್ವಾ? ಬೋರ್ಡಿನಲ್ಲಿ ರೆಗ್ಯುಲರ್ ಇಷ್ಟು, ಲಾರ್ಜ್ ಇಷ್ಟು ಅಂತ ಬೆಲೆ ಮಾತ್ರ ಇರುತ್ತದೆ. ಎಷ್ಟು ಮಿ.ಲೀ. ಅನ್ನುವ ಮಾತೇ ಇಲ್ಲ. ಮನೆಯಿಂದ ನೀರು ತರೋಣ ಅಂದರೆ ಗೇಟಿನಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ. ಹಾಗಾಗಿ ಬೇರೆ ಬೇರೆ ಪಂದ್ಯಗಳಿಗೆ ಹೋದಾಗ ಸಿಗುವ ಬೇರೆ ಬೇರೆ ಪಾನೀಯಗಳನ್ನು ಕೊಂಡು, ಅಳೆದು, ಪಕ್ಕಪಕ್ಕ ಇಟ್ಟು ನೋಡಿದೆ.

ಅಳತೆ ಜಗ್ಗು ಒಳಗೆ ಬಿಡುವುದಿಲ್ಲ, ಆದ್ದರಿಂದ ಕೈಯಲ್ಲಿ ಆಗುವಂಥ ದಾರಿ ಹುಡುಕಿದೆ. ಕೋಲಾ ಕಪ್ ಕೈಗೆ ಬಂದ ತಕ್ಷಣ ಮುಚ್ಚಳದ ತೂತಿನಿಂದ ಪಾನೀಯವನ್ನು ಇನ್ನೊಂದು ಖಾಲಿ ಕಪ್ಪಿಗೆ ಸುರಿಯುತ್ತೇನೆ, ಐಸ್ ಮೊದಲಿನ ಕಪ್ಪಿನಲ್ಲೇ ಉಳಿಯುತ್ತದೆ. ಪಾನೀಯ ಎಲ್ಲಿವರೆಗೆ ಬಂತೋ ಅಲ್ಲಿಗೆ ಹೊರಗಡೆಯಿಂದ ಉಗುರಿನಲ್ಲಿ ಒಂದು ಗೀರು. ಪೇಪರ್ ಕಪ್ಪಿನ ಮೇಲೆ ಉಗುರಿನ ಗೀರು ಚೆನ್ನಾಗಿ ನಿಲ್ಲುತ್ತದೆ, ಅಳಿಸುವುದಿಲ್ಲ. ಕುಡಿದ ಮೇಲೆ ಕಪ್ ಮನೆಗೆ ತಂದು, ಗೀರಿನವರೆಗೆ ನೀರು ತುಂಬಿ, ಅಡುಗೆಮನೆಯ ಅಳತೆ ಜಗ್ಗಿಗೆ ಸುರಿದರೆ ಲೆಕ್ಕ ಸಿಕ್ಕಿತು. ಹತ್ತು ಮಿ.ಲೀ. ಆಚೀಚೆ ಆಗಬಹುದು, ಅದಕ್ಕಿಂತ ಜಾಸ್ತಿ ತಪ್ಪಾಗುವುದಿಲ್ಲ.

ಮೊದಲು ಕೋಲಾ. ಒಂದೇ ಮಳಿಗೆ, ಒಂದೇ ಸಂಜೆ, ಸಣ್ಣದು 80 ರೂಪಾಯಿ, ದೊಡ್ಡದು 150. ಸಣ್ಣ ಕಪ್ಪನ್ನು ಅಂಚಿನವರೆಗೆ ತುಂಬಿದರೆ 330 ಮಿ.ಲೀ. ಹಿಡಿಯುತ್ತದೆ. ಐಸ್ ತೆಗೆದ ಮೇಲೆ ನನಗೆ ಸಿಕ್ಕಿದ ಕೋಲಾ 180. ದೊಡ್ಡ ಕಪ್ 480 ಹಿಡಿಯುತ್ತದೆ, ಅದರಲ್ಲಿ ಇದ್ದ ಕೋಲಾ 270. ಅಂದರೆ 100 ಮಿ.ಲೀ.ಗೆ ಸಣ್ಣದರಲ್ಲಿ ಸುಮಾರು 44 ರೂಪಾಯಿ, ದೊಡ್ಡದರಲ್ಲಿ ಸುಮಾರು 56. ದೊಡ್ಡದು ತಗೊಂಡವರೇ ಜಾಸ್ತಿ ಕಳೆದುಕೊಂಡರು! ಕಿರಾಣಿ ಅಂಗಡಿಯಲ್ಲಿ ದೊಡ್ಡ ಪ್ಯಾಕ್ ತಗೊಂಡರೆ ಸ್ವಲ್ಪ ಉಳಿಯುತ್ತದೆ ಅಂತ ನಾವು ಚಿಕ್ಕಂದಿನಿಂದ ನಂಬಿಕೊಂಡು ಬಂದಿದ್ದೇವೆ, ಆ ನಂಬಿಕೆಯ ಮೇಲೇ ಈ ಬೆಲೆ ನಿಂತಿದೆ ಅಂತ ನನಗೆ ಅನ್ನಿಸುತ್ತದೆ.

ಐಸ್ ಬೇಡ ಅಂತ ಕೇಳಿ ಅದೇ ಸಣ್ಣ ಕಪ್ ಇನ್ನೊಮ್ಮೆ ಕೊಂಡೆ. ಈ ಸಲ 290 ಮಿ.ಲೀ. ಬಂತು. ಅದೇ 80 ರೂಪಾಯಿ. ಐಸ್ ತುಂಬಿದ ದೊಡ್ಡ ಕಪ್ಪಿಗಿಂತ ಐಸ್ ಇಲ್ಲದ ಸಣ್ಣ ಕಪ್ಪಿನಲ್ಲೇ ಕೋಲಾ ಜಾಸ್ತಿ ಇತ್ತು, 70 ರೂಪಾಯಿ ಕಡಿಮೆಗೆ. ಮೆಷಿನ್ನಿನಿಂದ ಬರುವ ಕೋಲಾ ಹೇಗೂ ತಣ್ಣಗೇ ಇರುತ್ತದೆ, ಆದ್ದರಿಂದ ಐಸ್ ಬೇಡ ಅಂದರೆ ಏನೂ ನಷ್ಟವಿಲ್ಲ. ಇದನ್ನು ಓದಿ ಬೇರೇನೂ ನೆನಪಿಟ್ಟುಕೊಳ್ಳದಿದ್ದರೂ ಇದೊಂದನ್ನು ಇಟ್ಟುಕೊಳ್ಳಿ.

ಕಪ್ಪಿನ ಆಕಾರವೂ ಕಣ್ಣಿಗೆ ಮೋಸ ಮಾಡುತ್ತದೆ. ನಾವು ಎತ್ತರ ನೋಡುತ್ತೇವೆ, ಅಗಲ ನೋಡುವುದಿಲ್ಲ. ಆದರೆ ಕಪ್ಪಿನ ಅಗಲ ಶೇ. 10 ಜಾಸ್ತಿಯಾದರೆ ಒಳಗೆ ಹಿಡಿಯುವುದು ಶೇ. 21 ಜಾಸ್ತಿಯಾಗುತ್ತದೆ, ಎತ್ತರ ಶೇ. 10 ಜಾಸ್ತಿಯಾದರೆ ಬರೀ ಶೇ. 10. ಉದ್ದಕ್ಕೆ, ತೆಳ್ಳಗೆ, ಬುಡದಲ್ಲಿ ಕಿರಿದಾಗಿರುವ ಕಪ್ ಕೈಯಲ್ಲಿ ಹಿಡಿದಾಗ ಬಹಳ ಇದ್ದಂತೆ ಕಾಣುತ್ತದೆ, ಇರುವುದಿಲ್ಲ.

ಇದಕ್ಕೆ ಅಮೆರಿಕದಲ್ಲಿ 2014ರಲ್ಲಿ ನಡೆದದ್ದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಐಡಾಹೋ ರಾಜ್ಯದ ಬಾಯ್ಸಿ ಊರಿನಲ್ಲಿ ಐಸ್ ಹಾಕಿ ಆಟದ ಪಂದ್ಯಗಳು ನಡೆಯುವ ಸೆಂಚುರಿಲಿಂಕ್ ಅರೀನಾದಲ್ಲಿ ಸಣ್ಣ ಬಿಯರ್ 4 ಡಾಲರ್, ದೊಡ್ಡದು 7 ಡಾಲರ್ ಇತ್ತು. ಸಣ್ಣದು ಕುಳ್ಳಗೆ ಅಗಲ, ದೊಡ್ಡದು ಉದ್ದಕ್ಕೆ ತೆಳ್ಳಗೆ. ಪಂದ್ಯ ನೋಡಲು ಬಂದವರು ದೊಡ್ಡ ಕಪ್ಪಿನ ಬಿಯರನ್ನು ಖಾಲಿ ಸಣ್ಣ ಕಪ್ಪಿಗೆ ಸುರಿದರು, ಪೂರ್ತಿ ಹಿಡಿಯಿತು! ಅದರ ವಿಡಿಯೊ ಎಲ್ಲ ಕಡೆ ಓಡಾಡಿತು, ವಿಷಯ ಕೋರ್ಟಿಗೂ ಹೋಯಿತು. ಎರಡು ಕಪ್ಪುಗಳ ನಡುವೆ ವ್ಯತ್ಯಾಸ ತೀರಾ ಕಡಿಮೆ ಅಂತ ಅರೀನಾದವರೇ ಒಪ್ಪಿಕೊಂಡು, ದೊಡ್ಡದಕ್ಕೆ 24 ಔನ್ಸಿನ (ಒಂದು ಔನ್ಸ್ ಅಂದರೆ ಸುಮಾರು 30 ಮಿ.ಲೀ.) ಹೊಸ ಕಪ್ ತರಿಸುತ್ತೇವೆ ಅಂದರು.

ಎಲ್ಲರೂ ಅಲ್ಲಿಗೆ ನಿಲ್ಲಿಸಿದರು. ನನಗೆ ಮುಖ್ಯ ಅನ್ನಿಸುವುದು ಅದರ ಮುಂದಿನ ಲೆಕ್ಕ. ಅವರ ಪ್ರಕಾರವೇ ಸಣ್ಣದು 16 ಔನ್ಸ್, ದೊಡ್ಡದು 20. ಭಾಗಿಸಿ ನೋಡಿ. ಸಣ್ಣದರಲ್ಲಿ ಔನ್ಸಿಗೆ 25 ಸೆಂಟ್, ದೊಡ್ಡದರಲ್ಲಿ 35. ಅಳತೆ ಹೇಳಿದಷ್ಟೇ ಇದ್ದಿದ್ದರೂ ದೊಡ್ಡದೇ ದುಬಾರಿ. ಹೊಸ 24 ಔನ್ಸಿನ ಕಪ್ 7 ಡಾಲರಿಗೆ ಕೊಟ್ಟರೂ ಔನ್ಸಿಗೆ 29 ಸೆಂಟ್ ಬೀಳುತ್ತದೆ, ಆಗಲೂ ಸಣ್ಣದೇ ಅಗ್ಗ. ಮಿ.ಲೀ. ಅಥವಾ ಔನ್ಸ್ ಬೋರ್ಡಿನ ಮೇಲೆ ಬೆಲೆಯ ಪಕ್ಕದಲ್ಲೇ ಇದ್ದಿದ್ದರೆ ಯಾರಾದರೂ ಒಬ್ಬರು ಸಾಲಿನಲ್ಲಿ ನಿಂತೇ ಈ ಲೆಕ್ಕ ಹಾಕಿರುತ್ತಿದ್ದರು.

ಈಗ ನೀರು. ಇದರ ಮೇಲೆ ನನಗೆ ಸಿಟ್ಟು ಜಾಸ್ತಿ, ಯಾಕೆಂದರೆ ಕೋಲಾ ಬಿಡಬಹುದು, ನೀರು ಬಿಡಲಾಗುವುದಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಮೇಲ್ಛಾವಣಿ ಇಲ್ಲದ ಸ್ಟ್ಯಾಂಡಿನಲ್ಲಿ ಮಕ್ಕಳನ್ನು ಕೂರಿಸಿಕೊಂಡವರಿಗೆ ಇದು ಗೊತ್ತು. ಬಾಟಲಿ ಯಾಕೆ ಒಳಗೆ ಬಿಡುವುದಿಲ್ಲ ಅನ್ನುವುದಕ್ಕೆ ಕಾರಣ ಇದೆ, ಅದನ್ನು ಒಪ್ಪುತ್ತೇನೆ. 1996ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಈಡನ್ ಗಾರ್ಡನ್ಸ್ ಮೈದಾನಕ್ಕೆ ಬಾಟಲಿಗಳು ತೂರಿಬಂದು, ಆಟ ನಿಂತು, ಶ್ರೀಲಂಕಾ ಗೆದ್ದಿತು ಅಂತ ಘೋಷಿಸಬೇಕಾಯಿತು. ಬಾಟಲಿ ಬೇಡ, ಸರಿ. ಅದಕ್ಕೇ ಬಹಳ ಕಡೆ ಮಳಿಗೆಯವರು ಒಂದು ಲೀಟರ್ ಬಾಟಲಿಯ ಮುಚ್ಚಳ ತೆಗೆದು ಪೇಪರ್ ಲೋಟಕ್ಕೆ ಸುರಿದು ಕೊಡುತ್ತಾರೆ. ಬಾಟಲಿ ಕೌಂಟರಿನ ಆಚೆ ಉಳಿಯುತ್ತದೆ. ಅದರ ಜೊತೆಗೆ ಅದರ ಮೇಲೆ ಅಚ್ಚಾದ ಎಂಆರ್‌ಪಿಯೂ, ಅಳತೆಯೂ ಅಲ್ಲೇ ಉಳಿಯುತ್ತವೆ. ನಮ್ಮ ಕೈಗೆ ಬರುವುದು ಹೆಸರಿಲ್ಲದ, ಬೆಲೆ ಇಲ್ಲದ ಒಂದು ಲೋಟ ನೀರು.

ನಾನು ಹೋದ ಒಂದು ಕಡೆ ಅಂಥ ಲೋಟಕ್ಕೆ 20 ರೂಪಾಯಿ. ಅಳೆದರೆ 180 ಮಿ.ಲೀ. ಹೊರಗೆ ಅಂಗಡಿಯಲ್ಲಿ ಆಗ ಇದೇ 20 ರೂಪಾಯಿಗೆ ಒಂದು ಲೀಟರ್ ಬಾಟಲಿ ಬರುತ್ತಿತ್ತು. ಇಲ್ಲಿ ಲೀಟರಿಗೆ ಬಿದ್ದದ್ದು 111 ರೂಪಾಯಿ. ಇನ್ನೊಂದು ಒಳಾಂಗಣ ಕ್ರೀಡಾಂಗಣದಲ್ಲಿ ಫಾಯಿಲ್ ಮುಚ್ಚಿದ 200 ಮಿ.ಲೀ. ನೀರಿನ ಕಪ್ ಮಾರುತ್ತಿದ್ದರು, ಮೇಲೆ ಬೆಲೆ, ಅಳತೆ ಎರಡೂ ಅಚ್ಚಾಗಿತ್ತು, ಅದೇ ಬೆಲೆಗೆ ಕೊಟ್ಟರು. ಎಸೆದರೂ ಯಾರಿಗೂ ಪೆಟ್ಟಾಗುವ ವಸ್ತುವಲ್ಲ. ಸುರಕ್ಷತೆಯೂ ಆಯಿತು, ಲೆಕ್ಕವೂ ಆಯಿತು. ಹೀಗೆ ಮಾಡಲು ಆಗುತ್ತದೆ ಅಂತ ಒಬ್ಬರು ತೋರಿಸಿದ ಮೇಲೆ ಉಳಿದವರಿಗೆ ಯಾಕೆ ಆಗುವುದಿಲ್ಲ?

ಕಾನೂನು ಏನು ಹೇಳುತ್ತದೆ ಅಂತಲೂ ನೋಡಿದೆ. ಪೊಟ್ಟಣದ ಸಾಮಾನಿನ ಮೇಲೆ ಅಳತೆ, ಎಂಆರ್‌ಪಿ ಅಚ್ಚಾಗಿರಲೇಬೇಕು, ಎಂಆರ್‌ಪಿಯಲ್ಲಿ ತೆರಿಗೆ ಎಲ್ಲ ಸೇರಿರುತ್ತದೆ. 2018ರ ಜನವರಿ 1ರಿಂದ ಒಂದೇ ವಸ್ತುವಿಗೆ ಹೊರಗೆ ಒಂದು, ಮಾಲು, ವಿಮಾನ ನಿಲ್ದಾಣದಲ್ಲಿ ಇನ್ನೊಂದು ಅಂತ ಎರಡು ಎಂಆರ್‌ಪಿ ಹಾಕುವುದಕ್ಕೂ ತಡೆ ಬಿತ್ತು. ಇನ್ನೊಂದು ಕಡೆ, 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಹೋಟೆಲ್ ಮತ್ತು ರೆಸ್ಟೋರೆಂಟಿನವರು ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ತಗೊಳ್ಳಬಹುದು ಅಂದಿತು, ಅಲ್ಲಿ ಮಾರುವುದು ಬರೀ ನೀರನ್ನಲ್ಲ, ಕೂರಿಸಿ ಉಪಚರಿಸುವ ಸೇವೆಯೂ ಸೇರಿದೆ ಅನ್ನುವ ಕಾರಣಕ್ಕೆ. ಸ್ಟೇಡಿಯಂ ಮಳಿಗೆಯಲ್ಲಿ ಯಾರು ಉಪಚರಿಸುತ್ತಾರೆ ಹೇಳಿ. ಬಿಸಿಲಲ್ಲಿ ಸಾಲು ನಿಂತು, ದುಡ್ಡು ಮುಂಚೆಯೇ ಕೊಟ್ಟು, ಲೋಟ ನಾವೇ ಹಿಡಿದುಕೊಂಡು ಮೆಟ್ಟಿಲು ಹತ್ತಬೇಕು. ಆ ತೀರ್ಪಿನ ನೆರಳು ಇಲ್ಲಿಗೆ ಬೀಳಬಾರದು ಅನ್ನುವುದು ನನ್ನ ಅಭಿಪ್ರಾಯ.

ಬೇರೆ ದಾರಿ ಇಲ್ಲದ ಗಿರಾಕಿ ಅಂದರೆ ರೈಲು ನಿಲ್ದಾಣದಲ್ಲೂ ಅದೇ ತಾನೆ. ಆದರೂ ಅಲ್ಲಿ ರೈಲ್ ನೀರ್ ಲೀಟರ್ ಬಾಟಲಿ 15 ರೂಪಾಯಿಗೆ ಸಿಗುತ್ತಿತ್ತು, 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಇಳಿದಾಗ ಅದನ್ನೂ 14ಕ್ಕೆ ಇಳಿಸಿದರು. ಮನಸ್ಸು ಮಾಡಿದರೆ ಆಗುತ್ತದೆ.

ಪುಕ್ಕಟೆ ನೀರನ್ನೂ ಹೋಲಿಕೆಗೆ ಸೇರಿಸಬೇಕು. 2023ರ ವಿಶ್ವಕಪ್ ಶುರುವಾದಾಗ ಎಲ್ಲ ಸ್ಟೇಡಿಯಂಗಳಲ್ಲೂ ಪ್ರೇಕ್ಷಕರಿಗೆ ಕುಡಿಯುವ ನೀರು ಉಚಿತ ಅಂತ ಬಿಸಿಸಿಐ ಘೋಷಿಸಿತು. ಚಿನ್ನಸ್ವಾಮಿಯಲ್ಲಿ ಆ ಸಲ ಐದು ಪಂದ್ಯ ನಡೆದವು, ನಾನು ನೋಡಿದ ಪಂದ್ಯದಲ್ಲಿ ನೀರು ಕೇಳಿದಷ್ಟು ಸಿಕ್ಕಿತು, ಅವತ್ತು ಪಾನೀಯಕ್ಕೆ ನಾನು ಒಂದು ರೂಪಾಯಿ ಖರ್ಚು ಮಾಡಲಿಲ್ಲ. ಇದಕ್ಕೆ ವಿರುದ್ಧ ಉದಾಹರಣೆ ಮರುವರ್ಷವೇ ಬಂತು. 2024ರ ಅಕ್ಟೋಬರ್‌ನಲ್ಲಿ ಪುಣೆಯ ಗಹುಂಜೆಯಲ್ಲಿ ನ್ಯೂಜಿಲೆಂಡ್ ವಿರುದ್ಧದ ಟೆಸ್ಟಿನ ಮೊದಲ ದಿನ ಪ್ರೇಕ್ಷಕರಿಗೆ ಕುಡಿಯಲು ನೀರೇ ಇಲ್ಲದೆ, ಜನ ಘೋಷಣೆ ಕೂಗಿ, ಕೊನೆಗೆ ಮಹಾರಾಷ್ಟ್ರ ಕ್ರಿಕೆಟ್ ಸಂಸ್ಥೆ ಕ್ಷಮೆ ಕೇಳಬೇಕಾಯಿತು. ಕಬಡ್ಡಿ ಪಂದ್ಯ 40 ನಿಮಿಷದ ಆಟ, ನೆರಳಿನಲ್ಲಿ ನಡೆಯುತ್ತದೆ, ಹೇಗೋ ತಡೆದುಕೊಳ್ಳಬಹುದು. ಟೆಸ್ಟ್ ಅಂದರೆ ಬೆಳಗ್ಗೆಯಿಂದ ಸಂಜೆವರೆಗೆ ಬಿಸಿಲು.

ನಾನು ನೋಡಿದ ಎಲ್ಲದರಲ್ಲಿ ಮೊದಲ ಸ್ಥಾನ ಅಟ್ಲಾಂಟಾದ ಮರ್ಸಿಡಿಸ್-ಬೆಂಝ್ ಸ್ಟೇಡಿಯಂಗೆ. ಅಕ್ಕನ ಮನೆಗೆ ಹೋಗಿದ್ದಾಗ ಭಾವನ ಜೊತೆ ಅಲ್ಲಿ ಫುಟ್‌ಬಾಲ್ ನೋಡಿದೆ. ಎರಡು ಡಾಲರ್ ಕೊಟ್ಟರೆ ಖಾಲಿ ಕಪ್ ಕೊಡುತ್ತಾರೆ. ತೆರಿಗೆ ಅದರಲ್ಲೇ ಸೇರಿದೆ, ಚಿಲ್ಲರೆ ತಾಪತ್ರಯ ಇಲ್ಲ. ಮೆಷಿನ್ ಕೌಂಟರಿನ ಈಚೆ, ನಮ್ಮ ಕಡೆ ಇದೆ. ಐಸ್ ಎಷ್ಟು ಹಾಕಬೇಕು, ಹಾಕಬೇಕೋ ಬೇಡವೋ, ನಮ್ಮ ಇಷ್ಟ. ಖಾಲಿಯಾದರೆ ಮತ್ತೆ ತುಂಬಿಸಿಕೊಳ್ಳಬಹುದು, ದುಡ್ಡಿಲ್ಲ. ಭಾವ ಮೂರನೇ ಸಲ ತುಂಬಿಸಿಕೊಂಡು ಬಂದರೂ ಯಾರೂ ಕಣ್ಣೆತ್ತಿ ನೋಡಲಿಲ್ಲ. ಇಲ್ಲಿ ಕಪ್ಪಿನ ಅಳತೆ ಕೇಳುವ ಅಗತ್ಯವೇ ಬೀಳುವುದಿಲ್ಲ.

ಇದು ದಾನಧರ್ಮ ಅಂದುಕೊಳ್ಳಬೇಡಿ. 2017ರಲ್ಲಿ ಸ್ಟೇಡಿಯಂ ತೆರೆದಾಗ, ಅಲ್ಲಿ ಆಡುವ ಅಟ್ಲಾಂಟಾ ಫಾಲ್ಕನ್ಸ್ ತಂಡದ ಮಾಲೀಕ ಆರ್ಥರ್ ಬ್ಲ್ಯಾಂಕ್, ತಂಡ ಮೊದಲು ಆಡುತ್ತಿದ್ದ ಹಳೆಯ ಜಾರ್ಜಿಯಾ ಡೋಮ್ ಸ್ಟೇಡಿಯಂಗೆ ಹೋಲಿಸಿದರೆ ತಿಂಡಿ ಪಾನೀಯದ ಬೆಲೆಯನ್ನು ಅರ್ಧಕ್ಕೆ ಇಳಿಸಿದರು. ಮೊದಲ ಸೀಸನ್ ಮುಗಿದಾಗ ಒಬ್ಬೊಬ್ಬ ಪ್ರೇಕ್ಷಕ ಖರ್ಚು ಮಾಡಿದ್ದು ಶೇ. 16 ಜಾಸ್ತಿ ಆಗಿತ್ತು. ಮೋಸವಿಲ್ಲ ಅಂತ ಗೊತ್ತಾದರೆ ಜನ ಧಾರಾಳವಾಗಿ ಕೊಳ್ಳುತ್ತಾರೆ. ನಮ್ಮಲ್ಲಿ ಒಂದು ಕಪ್ಪಿಗೆ ನಾಲ್ಕು ಜನ ಸ್ಟ್ರಾ ಹಾಕಿಕೊಂಡು ಕುಡಿಯುವುದನ್ನು ನೀವೂ ನೋಡಿರುತ್ತೀರಿ.

ಅಷ್ಟು ದೊಡ್ಡ ಬದಲಾವಣೆ ಆಗುವುದಿಲ್ಲ ಅಂದರೂ ಚಿಕ್ಕದೊಂದು ಆಗಬಹುದು, ಜರ್ಮನಿಯವರದ್ದು. ಗೆಳೆಯ ಮ್ಯೂನಿಕ್‌ನಿಂದ ಸ್ಟೇಡಿಯಂನ ಬಿಯರ್ ಕಪ್ ಒಂದನ್ನು ತಂದುಕೊಟ್ಟಿದ್ದಾನೆ, ಗಟ್ಟಿ ಪ್ಲಾಸ್ಟಿಕ್ಕಿನದು. ಕಪ್ಪಿಗೆ ಮುಂಗಡ ಇಟ್ಟುಕೊಳ್ಳುತ್ತಾರೆ, ವಾಪಸ್ ಕೊಟ್ಟರೆ ದುಡ್ಡು ವಾಪಸ್, ಇವನು ಮುಂಗಡ ಬಿಟ್ಟು ಕಪ್ ತಂದ. ಅಂಚಿನಿಂದ ಒಂದೂವರೆ ಬೆರಳು ಕೆಳಗೆ ಸಣ್ಣ ಗೆರೆ, ಅದರ ಪಕ್ಕ 0.5 ಲೀ. ಅಂತ ಇದೆ. ನೊರೆಗೆ ಗೆರೆಯ ಮೇಲೆ ಜಾಗ, ಬಿಯರ್ ಗೆರೆಯವರೆಗೆ ಬರಬೇಕು. ಅಲ್ಲಿ ಪಾನೀಯ ಮಾರುವ ಲೋಟಕ್ಕೆ ಈ ಗೆರೆ ಕಾನೂನಿನ ಪ್ರಕಾರ ಇರಲೇಬೇಕು. ನನ್ನ ಜಗ್ಗಿಗೆ ಸುರಿದು ನೋಡಿದೆ, ಸರಿಯಾಗಿ ಅರ್ಧ ಲೀಟರ್. ಕಪ್ ಅಚ್ಚು ಹಾಕಿಸುವಾಗ ಪ್ರಾಯೋಜಕರ ಲೋಗೊ ಸುತ್ತಲೂ ಹಾಕಿಸುವವರಿಗೆ ಒಂದು ಗೆರೆ ಹಾಕಿಸಲು ಎಷ್ಟು ಖರ್ಚಾಗುತ್ತದೆ?

ಹಾಗಾದರೆ ಇವತ್ತಿನ ಮಟ್ಟಿಗೆ ನಮ್ಮ ಸ್ಟೇಡಿಯಂಗಳಲ್ಲಿ ಏನು ಕೊಳ್ಳಬೇಕು? ಪುಕ್ಕಟೆ ನೀರು ಎಲ್ಲಿದೆ ಅಂತ ಒಳಗೆ ಹೋದ ಕೂಡಲೇ ಕೇಳಿ. ಇಲ್ಲದಿದ್ದರೆ ಅಳತೆ, ಬೆಲೆ ಅಚ್ಚಾಗಿರುವ ಮುಚ್ಚಿದ ಕಪ್ ನೀರು, ಅಥವಾ ಮಜ್ಜಿಗೆ ಪ್ಯಾಕೆಟ್ ಸಿಕ್ಕರೆ ಇನ್ನೂ ಒಳ್ಳೆಯದು. ಕೋಲಾ ಬೇಕೇ ಬೇಕು ಅಂದರೆ ಸಣ್ಣದು, ಐಸ್ ಇಲ್ಲದೆ. ದೊಡ್ಡ ಕಪ್ ಬೇಡ. ಪಾಪ್‌ಕಾರ್ನ್ ಜೊತೆ ಬರುವ ಕಾಂಬೊದಲ್ಲಿ ನಾನು ನೋಡಿದ ಕಡೆ ಕೊಟ್ಟದ್ದು ಅದೇ ಸಣ್ಣ ಕಪ್, ಉಳಿತಾಯ ಏನೂ ಇರಲಿಲ್ಲ.

ಕೌಂಟರಿನಲ್ಲಿ ನಿಂತ ಹುಡುಗರ ಜೊತೆ ಮಾತ್ರ ಜಗಳ ಬೇಡ. ಅವರು ದಿನಗೂಲಿಗೆ ಬಂದವರು, ಐಸ್ ಎಷ್ಟು ಹಾಕಬೇಕು ಅಂತ ಹೇಳಿಕೊಟ್ಟವರು ಬೇರೆ. ಬೋರ್ಡಿನ ಫೋಟೊ, ಕಪ್ಪಿನ ಫೋಟೊ, ಬಿಲ್ ಮೂರನ್ನೂ ಇಟ್ಟುಕೊಂಡು ಟಿಕೆಟ್ ಮಾರಿದ ಸಂಘಟಕರಿಗೆ ಬರೆಯಿರಿ. ಅಚ್ಚಾದ ಬೆಲೆಗಿಂತ ಜಾಸ್ತಿ ತಗೊಂಡಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನಾನು ಬರೆದಿರುವ ಪತ್ರದಲ್ಲಿ ಕೇಳಿರುವುದು ಎರಡೇ. ಬೋರ್ಡಿನಲ್ಲಿ ಬೆಲೆಯ ಪಕ್ಕ ಮಿ.ಲೀ. ಬರೆಯಿರಿ, ಕಪ್ಪಿನ ಮೇಲೆ ಗೆರೆ ಹಾಕಿಸಿ.