ಮ್ಯಾಕ್‌ಓಎಸ್ ಹಾಕುವ ಅಸೆಂಬಲ್ಡ್ ಪಿಸಿಗೆ ಆರ್‌ಎಕ್ಸ್ 6600: ಕಲಬುರಗಿಯ ಬಿಸಿಲು, ಕರೆಂಟು ಎರಡಕ್ಕೂ ಹೊಂದುವ ಕಾರ್ಡ್

ಅಸೆಂಬಲ್ಡ್ ಪಿಸಿಗೆ ಮ್ಯಾಕ್‌ಓಎಸ್ ಹಾಕಿ ಫೈನಲ್ ಕಟ್ ಪ್ರೊದಲ್ಲೋ ಡಾವಿಂಚಿ ರಿಸಾಲ್ವ್‌ನಲ್ಲೋ ಮದುವೆ ವಿಡಿಯೊ ಎಡಿಟ್ ಮಾಡಬೇಕೆನ್ನುವವರು ಸಾಮಾನ್ಯವಾಗಿ ಪ್ರೊಸೆಸರ್, ಬೋರ್ಡ್, ರ‍್ಯಾಮ್ ಎಲ್ಲ ಕೊಂಡು, ಉಳಿದ ದುಡ್ಡಿಗೆ ಯಾವ ಗ್ರಾಫಿಕ್ಸ್ ಕಾರ್ಡ್ ಬರುತ್ತದೆಂದು ಹುಡುಕುತ್ತಾರೆ. ಈ ಕೆಲಸಕ್ಕೆ ಆ ಕ್ರಮ ಸರಿಯಲ್ಲ, ಕಾರ್ಡನ್ನೇ ಮೊದಲು ಆರಿಸಬೇಕು. ವಿಂಡೋಸ್‌ನಲ್ಲಿ ಯಾವ ಕಾರ್ಡ್ ಹಾಕಿದರೂ ಡ್ರೈವರ್ ಇಳಿಸಿಕೊಂಡರೆ ಮುಗಿಯಿತು. ಮ್ಯಾಕ್‌ಓಎಸ್‌ನಲ್ಲಿ ಆಪಲ್ ಒಳಗೇ ಇಟ್ಟುಕೊಟ್ಟ ಡ್ರೈವರ್ ಇದ್ದರೆ ಉಂಟು, ಇಲ್ಲದಿದ್ದರೆ ಎಷ್ಟು ದುಬಾರಿ ಕಾರ್ಡ್ ಆದರೂ ಪರದೆ ಮಂದವಾಗಿ ತೆವಳುತ್ತದೆ. ಇವತ್ತು ಹೊಸದಾಗಿ ಕೊಳ್ಳುವವರಿಗೆ, ಅದರಲ್ಲೂ ಕಲಬುರಗಿಯಂಥ ಊರಿನಲ್ಲಿ ಕೆಲಸ ಮಾಡುವವರಿಗೆ, ನಮ್ಮ ಆಯ್ಕೆ ಎಎಂಡಿ ರೇಡಿಯಾನ್ ಆರ್‌ಎಕ್ಸ್ 6600, 8 ಜಿಬಿ. (ಆಪಲ್ ಕಂಪನಿಯ ಪರವಾನಗಿ ಮ್ಯಾಕ್‌ಓಎಸ್ ಅನ್ನು ಆಪಲ್ ಯಂತ್ರದಲ್ಲಿ ಮಾತ್ರ ಹಾಕಲು ಬಿಡುತ್ತದೆ. ಇದು ತಿಳಿದಿದ್ದೇ ಮುಂದಿನ ಹೆಜ್ಜೆ ಇಡಬೇಕು.)

ಎನ್‌ವಿಡಿಯಾ ವಿಷಯ ಬೇಗ ಮುಗಿಸಬಹುದು. ಜಿಟಿಎಕ್ಸ್ 1650, 1660, ಆರ್‌ಟಿಎಕ್ಸ್ ಸರಣಿ ಯಾವುದಕ್ಕೂ ಮ್ಯಾಕ್‌ಓಎಸ್ ಡ್ರೈವರ್ ಬಂದೇ ಇಲ್ಲ. 1050 ಟಿಐ, 1060 ಕಾರ್ಡ್‌ಗಳಿಗೆ ಎನ್‌ವಿಡಿಯಾ ಕೊಟ್ಟ ವೆಬ್ ಡ್ರೈವರ್ ಹೈ ಸಿಯೆರಾ ಎಂಬ ಮ್ಯಾಕ್‌ಓಎಸ್ ಆವೃತ್ತಿಯ 10.13.6ಕ್ಕೇ ನಿಂತಿತು, 2018ರ ಮೊಜಾವೆಯಿಂದ ಅದೂ ಇಲ್ಲ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಜಿಟಿ 710 ಕೆಪ್ಲರ್ ಪೀಳಿಗೆಯದು, ಬಿಗ್ ಸರ್‌ವರೆಗೆ ಓಡುತ್ತದೆ. 2021ರ ಮಾಂಟೆರೇಯಲ್ಲಿ ಆಪಲ್ ಕೆಪ್ಲರ್ ಡ್ರೈವರನ್ನೂ ತೆಗೆದುಹಾಕಿತು. ಜಿಟಿ 730 ಇನ್ನೂ ಗೊಂದಲದ್ದು: ಅದೇ ಹೆಸರಿನಲ್ಲಿ ಕೆಪ್ಲರ್ ಕಾರ್ಡೂ ಇದೆ, ಹಳೆಯ ಫರ್ಮಿ ಕಾರ್ಡೂ ಇದೆ. ಇಂಟೆಲ್ ಆರ್ಕ್ ಕಾರ್ಡ್‌ಗಳಿಗೂ ಬೆಂಬಲವಿಲ್ಲ. ಉಳಿಯುವುದು ಎಎಂಡಿ ಒಂದೇ.

ಎಎಂಡಿಯಲ್ಲೂ ಡಬ್ಬಿಯ ಮೇಲಿನ ನಂಬರ್ ನೋಡಿ ಕೊಂಡರೆ ಮೋಸ ಹೋಗುತ್ತೀರಿ. ನೋಡಬೇಕಾದ್ದು ಒಳಗಿನ ಚಿಪ್. ಆರ್‌ಎಕ್ಸ್ 6600, 6600 ಎಕ್ಸ್‌ಟಿ ಎರಡರಲ್ಲೂ ಇರುವುದು ನ್ಯಾವಿ 23. ಆಪಲ್ ತನ್ನ ಮ್ಯಾಕ್ ಪ್ರೊಗೆ ಮಾರಿದ ಡಬ್ಲ್ಯು6600ಎಕ್ಸ್‌ನಲ್ಲಿ ಇರುವುದೂ ಇದೇ ಚಿಪ್. ಆದ್ದರಿಂದಲೇ ಮಾಂಟೆರೇ 12.1ರಿಂದ ಈ ಕಾರ್ಡ್‌ಗಳಿಗೆ ಡ್ರೈವರ್ ಒಳಗೇ ಇದೆ. 6650 ಎಕ್ಸ್‌ಟಿಯ ಚಿಪ್ಪೂ ಇದೇ, ಆದರೆ ಡಿವೈಸ್ ಐಡಿ (ಕಾರ್ಡನ್ನು ಗುರುತಿಸುವ ಸಂಖ್ಯೆ) ಬೇರೆ. ಪಿಸಿಯಲ್ಲಿ ಮ್ಯಾಕ್‌ಓಎಸ್ ಬೂಟ್ ಮಾಡಿಸುವ ಓಪನ್‌ಕೋರ್ ತಂತ್ರಾಂಶದ ಡಿವೈಸ್ ಪ್ರಾಪರ್ಟೀಸ್‌ನಲ್ಲಿ 6600ರ ಐಡಿ ಬರೆದು ನಂಬಿಸಬೇಕಾಗುತ್ತದೆ. 6600ಕ್ಕಿಂತ ಶಕ್ತಿಶಾಲಿ ಎಂದು ಹೆಚ್ಚು ದುಡ್ಡು ಕೊಟ್ಟು 6700 ಎಕ್ಸ್‌ಟಿ, 6750 ಎಕ್ಸ್‌ಟಿ ತಂದವರು ಸಿಕ್ಕಿಕೊಳ್ಳುತ್ತಾರೆ: ಅವು ನ್ಯಾವಿ 22, ಆ ಚಿಪ್ಪನ್ನು ಆಪಲ್ ಯಾವ ಮ್ಯಾಕ್‌ನಲ್ಲೂ ಬಳಸಲಿಲ್ಲ. ನೂಟ್‌ಆರ್‌ಎಕ್ಸ್ ಎಂಬ ಹೊರಗಿನ ಕೆಕ್ಸ್ಟ್ (ಮ್ಯಾಕ್‌ಓಎಸ್‌ಗೆ ಸೇರಿಸುವ ಡ್ರೈವರ್ ಫೈಲ್) ಹಾಕಿ ಓಡಿಸಬಹುದು, ನಿಜ. ಆದರೆ ಗಿರಾಕಿಗೆ ದಿನಾಂಕ ಕೊಟ್ಟು ಮಾಡುವ ಕೆಲಸವನ್ನು ಅದರ ಮೇಲೆ ನಿಲ್ಲಿಸಬೇಡಿ. 6400, 6500 ಎಕ್ಸ್‌ಟಿ ನ್ಯಾವಿ 24, ಅವಕ್ಕೆ ಬೆಂಬಲವೇ ಇಲ್ಲ. 7600 ಸೇರಿ 7000 ಸರಣಿ ಪೂರ್ತಿ ಬಿಟ್ಟುಬಿಡಿ. ಹೆಚ್ಚು ಬಲ ಬೇಕಿದ್ದರೆ 6800, 6800 ಎಕ್ಸ್‌ಟಿ, 6900 ಎಕ್ಸ್‌ಟಿ ಇವೆ, ಬಿಗ್ ಸರ್ 11.4ರಿಂದ ಓಡುತ್ತವೆ. ಅವು ಕುಡಿಯುವ ಕರೆಂಟಿಗೆ ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ), ಯುಪಿಎಸ್ ಎರಡೂ ದೊಡ್ಡವೇ ಬೇಕು.

ಕಡಿಮೆ ಬೆಲೆಗೆ ಹಳೆಯ ಆರ್‌ಎಕ್ಸ್ 580 ಸಿಗುತ್ತದಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಸಲಿ 580 ಒಳ್ಳೆಯ ಕಾರ್ಡ್, ಸಿಯೆರಾ ಕಾಲದಿಂದ ಸಿಕೋಯಾವರೆಗೆ ಓಡುತ್ತ ಬಂದಿದೆ. ತೊಂದರೆ ಇರುವುದು 2048ಎಸ್‌ಪಿ ಎಂಬ ಆವೃತ್ತಿಯಲ್ಲಿ. ಅಸಲಿ 580ರಲ್ಲಿ 2304 ಸ್ಟ್ರೀಮ್ ಪ್ರೊಸೆಸರ್‌ಗಳು (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕಗಳು); ಇದರಲ್ಲಿ 2048, ಅಂದರೆ ಹೆಸರು 580, ಒಳಗೆ 570. “580 ಅಂದ್ರ 580ನೇ ರಿ, ಎರಡೂ ಒಂದೇ” ಎಂದು ಅಂಗಡಿಯಲ್ಲಿ ಹೇಳಿದರೆ ಒಪ್ಪಬೇಡಿ. ಇದರ ಡಿವೈಸ್ ಐಡಿ 6ಎಫ್‌ಡಿಎಫ್, ಮ್ಯಾಕ್‌ಓಎಸ್ ಗುರುತಿಸುವುದು 67ಡಿಎಫ್. ಐಡಿ ಬದಲಿಸಿ ತೋರಿಸುವವರೆಗೆ ಗ್ರಾಫಿಕ್ಸ್ ವೇಗ ಬರುವುದಿಲ್ಲ. ಕೊಳ್ಳುವ ಮೊದಲು ಅಂಗಡಿಯ ವಿಂಡೋಸ್ ಪಿಸಿಗೇ ಕಾರ್ಡ್ ಹಾಕಿಸಿ, ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು, ಶೇಡರ್ಸ್ ಎಂಬಲ್ಲಿ 2304 ಇದೆಯೇ, ಐಡಿ ಯಾವುದು ಎಂದು ಕಣ್ಣಾರೆ ನೋಡಿ. ಆಮೇಲೆ ಕಾರ್ಡಿಗೆ ಪೂರ್ತಿ ಹೊರೆ ಹಾಕಿ ಪರೀಕ್ಷಿಸುವ ಫರ್‌ಮಾರ್ಕ್ 15 ನಿಮಿಷ ಓಡಿಸಿ. ಕ್ರಿಪ್ಟೊ ಮೈನಿಂಗ್‌ನಲ್ಲಿ ದುಡಿದ ಕಾರ್ಡ್‌ಗಳಲ್ಲಿ ಥರ್ಮಲ್ ಪೇಸ್ಟ್ ಒಣಗಿರುತ್ತದೆ, ಫ್ಯಾನ್ ಬೇರಿಂಗ್ ಸವೆದಿರುತ್ತದೆ. ಮೈನಿಂಗ್‌ಗೆಂದು ಮೆಮೊರಿ ಟೈಮಿಂಗ್ ತಿದ್ದಿದ ಬಯೋಸ್ ಕಾರ್ಡಿನಲ್ಲೇ ಉಳಿದಿದ್ದರೆ ವಿಂಡೋಸ್‌ನಲ್ಲಿ ಚೆನ್ನಾಗಿ ಓಡುವ ಕಾರ್ಡೇ ಮ್ಯಾಕ್‌ಓಎಸ್ ಬೂಟ್ ಆಗುವಾಗ ರೀಸ್ಟಾರ್ಟ್ ಆಗುತ್ತ ಕೂರಬಹುದು. ಆರ್‌ಎಕ್ಸ್ 550ಯಲ್ಲೂ ಇಂಥದೇ ಬಲೆ ಇದೆ: ಲೆಕ್ಸಾ ಚಿಪ್ಪಿನ 550ಗೆ ಬೆಂಬಲವಿಲ್ಲ.

580 ಮತ್ತು 6600 ನಡುವೆ ಆಯ್ಕೆ ನಿರ್ಧರಿಸುವುದು ನಮ್ಮ ಊರಿನ ಬೇಸಗೆ. 580 ಕಾರ್ಡಿಗೆ 185 ವ್ಯಾಟ್, 6600ಕ್ಕೆ 132 ವ್ಯಾಟ್. ಏಪ್ರಿಲ್–ಮೇನಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ, ಎಸಿ ಇಲ್ಲದ ಸ್ಟುಡಿಯೊದಲ್ಲಿ ಈ 53 ವ್ಯಾಟ್ ವ್ಯತ್ಯಾಸ ಫ್ಯಾನ್ ಸದ್ದಿನಲ್ಲೂ ರೆಂಡರ್ ಮುಗಿಯುವ ಹೊತ್ತಿನಲ್ಲೂ ಗೊತ್ತಾಗುತ್ತದೆ. ಎರಡು ಫ್ಯಾನ್ ಇರುವ ಮಾದರಿಯನ್ನೇ ಕೊಳ್ಳಿ. ಕ್ಯಾಬಿನೆಟ್ ಮುಂಭಾಗ ಗಾಜಿನದಾಗಿರದೆ ಜಾಲರಿಯದಾಗಿರಲಿ, ಗಾಳಿ ಒಳಗೆಳೆಯುವ 120 ಎಂಎಂ ಫ್ಯಾನ್ ಎರಡಾದರೂ ಇರಲಿ. ವಾಡಿ, ಸೇಡಂ, ಶಹಾಬಾದ್ ಕಡೆ ಸಿಮೆಂಟಿನ, ಕಲ್ಲಿನ ಧೂಳು ಸೇರುವುದರಿಂದ ಡಸ್ಟ್ ಫಿಲ್ಟರ್ ತಿಂಗಳಿಗೊಮ್ಮೆ ತೊಳೆಯಬೇಕು. 6600ರ ಬಹುತೇಕ ಮಾದರಿಗಳಲ್ಲಿ ಕೆಲಸ ಕಡಿಮೆ ಇದ್ದಾಗ ಫ್ಯಾನ್ ತಿರುಗುವುದೇ ಇಲ್ಲ, ಕೆಟ್ಟಿದೆ ಎಂದು ವಾಪಸ್ ಒಯ್ಯಬೇಡಿ. ವಿಂಡೋಸ್‌ನಲ್ಲಿ ಬದಲಿಸಿದ ಫ್ಯಾನ್ ಸೆಟ್ಟಿಂಗ್ ಮ್ಯಾಕ್‌ಓಎಸ್‌ಗೆ ಬರುವುದಿಲ್ಲ. ಉಷ್ಣಾಂಶ ನೋಡಲು ಎಸ್‌ಎಂಸಿ ರೇಡಿಯಾನ್ ಸೆನ್ಸರ್ಸ್ ಕೆಕ್ಸ್ಟ್ ಸೇರಿಸಿಕೊಳ್ಳಿ.

ಕರೆಂಟಿನ ಮಾತಿಗೆ ಬಂದರೆ, 6600ಕ್ಕೆ ಒಂದೇ 8 ಪಿನ್ ಕನೆಕ್ಟರ್. 65 ವ್ಯಾಟ್ ಪ್ರೊಸೆಸರ್ ಜೊತೆಗೆ 80 ಪ್ಲಸ್ ಬ್ರಾಂಜ್ ದರ್ಜೆಯ 550 ವ್ಯಾಟ್ ಎಸ್‌ಎಂಪಿಎಸ್ ಧಾರಾಳ ಸಾಕು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ‘450 ವ್ಯಾಟ್’ ಎಸ್‌ಎಂಪಿಎಸ್‌ನಲ್ಲಿ ಆ ಕನೆಕ್ಟರೇ ಇರುವುದಿಲ್ಲ; ಹಾರ್ಡ್‌ಡಿಸ್ಕಿನ ಮೋಲೆಕ್ಸ್ ವೈರಿನಿಂದ ಪರಿವರ್ತಕ ಹಾಕಿಕೊಡುತ್ತೇವೆಂದರೆ ಬೇಡವೆನ್ನಿ, ಆ ತೆಳು ವೈರು ಬಿಸಿಯಾಗಿ ಕರಗುತ್ತದೆ. ಮೇಲೆ ಹೇಳಿದ ಜೋಡಣೆಗೆ, ಮಾನಿಟರ್ ಸೇರಿ, 1 ಕೆವಿಎ ಯುಪಿಎಸ್ ನೆಮ್ಮದಿ. 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ರೆಂಡರ್ ನಡೆಯುವಾಗ ಕರೆಂಟ್ ಹೋದರೆ ಫೈಲ್ ಸೇವ್ ಮಾಡಿ ಬಂದ್ ಮಾಡುವಷ್ಟು ಹೊತ್ತು ಮಾತ್ರ ಸಿಗುತ್ತದೆ. ಮನೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ನೇರ ಜೋಡಿಸಿದರೆ ಆಕ್ಟಿವ್ ಪಿಎಫ್‌ಸಿ (ಕರೆಂಟ್ ಎಳೆಯುವುದನ್ನು ಸರಿದೂಗಿಸುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್ ಗುಂಯ್‌ಗುಡಬಹುದು, ಇಲ್ಲವೇ ದಿಢೀರ್ ಆಫ್ ಆಗಬಹುದು. ಸೈನ್ ವೇವ್ ಇನ್ವರ್ಟರ್ ಇದ್ದರೆ ಈ ಕಾಟವಿಲ್ಲ.

ಇನ್ನು ಸೆಟ್ಟಿಂಗ್. ಬೋರ್ಡಿನ ಬಯೋಸ್‌ನಲ್ಲಿ ಸಿಎಸ್‌ಎಂ, ಸೆಕ್ಯೂರ್ ಬೂಟ್, ಫಾಸ್ಟ್ ಬೂಟ್ ಆಫ್. ಅಬವ್ 4ಜಿ ಡಿಕೋಡಿಂಗ್ ಆನ್. ಪ್ರೈಮರಿ ಡಿಸ್‌ಪ್ಲೇ ಪಿಸಿಐಇ. ರೀಸೈಜಬಲ್ ಬಾರ್ ಆಫ್ ಮಾಡುವುದು ಸರಳ. ಆನ್ ಇಟ್ಟುಕೊಳ್ಳಲೇಬೇಕೆಂದರೆ ಓಪನ್‌ಕೋರ್‌ನಲ್ಲಿ ‘ರೀಸೈಜ್ ಆಪಲ್ ಜಿಪಿಯು ಬಾರ್ಸ್’ ಮೌಲ್ಯವನ್ನು 0 ಮಾಡಿ. ಕೆಕ್ಸ್ಟ್ ಪಟ್ಟಿಯಲ್ಲಿ ಲಿಲು ಮೇಲೆ, ವಾಟೆವರ್‌ಗ್ರೀನ್ ಅದರ ಕೆಳಗೆ. ಬೂಟ್ ಆರ್ಗ್ಯುಮೆಂಟ್‌ನಲ್ಲಿ ‘agdpmod=pikera’ ಇರಲೇಬೇಕು; ಇದನ್ನು ಮರೆತರೆ ಆಪಲ್ ಲೋಗೊ ಬಂದು ಗೆರೆ ಮುಂದೆ ಸರಿದು ಪರದೆ ಕಪ್ಪಾಗುತ್ತದೆ. ಯಂತ್ರ ಒಳಗೆ ಓಡುತ್ತಿರುತ್ತದೆ, ಕಾಣುವುದಿಲ್ಲ ಅಷ್ಟೇ. ಬೋರ್ಡ್ ಐಡಿ ನೋಡಿ ಡಿಸ್‌ಪ್ಲೇ ತಡೆಯುವ ಪರೀಕ್ಷೆಯೊಂದು ಮ್ಯಾಕ್‌ಓಎಸ್ ಒಳಗಿದೆ, ಈ ಪದ ಅದನ್ನು ದಾಟಿಸುತ್ತದೆ. ಕಪ್ಪು ಪರದೆ ಕಂಡ ಕೂಡಲೇ ಕಾರ್ಡ್ ಸುಟ್ಟಿದೆ ಎಂದುಕೊಳ್ಳುವ ಮೊದಲು ಈ ಸಾಲಿನಲ್ಲಿ ಅಕ್ಷರ ತಪ್ಪಿದೆಯೇ ನೋಡಿ.

ಇಂಟೆಲ್ 10ನೇ ಪೀಳಿಗೆಯ ಪ್ರೊಸೆಸರ್‌ನಲ್ಲಿ ಯುಎಚ್‌ಡಿ 630 ಎಂಬ ಒಳಗಿನ ಗ್ರಾಫಿಕ್ಸ್ ಇದ್ದರೆ ಅದನ್ನು ಪರದೆಗೆ ಜೋಡಿಸದೆ ಹಿಂದಿನ ಸಹಾಯಕನಾಗಿ ಉಳಿಸಿಕೊಂಡು ಐಮ್ಯಾಕ್ 20,1 ಎಂಬ ಎಸ್‌ಎಂಬಯೋಸ್ (ಪಿಸಿಯನ್ನು ಯಾವ ಮ್ಯಾಕ್ ಎಂದು ತೋರಿಸಬೇಕೆಂಬ ಗುರುತು) ಬಳಸಿ. 10400ಎಫ್‌ನಂಥ, ಒಳಗಿನ ಗ್ರಾಫಿಕ್ಸ್ ಇಲ್ಲದ ಎಫ್ ಪ್ರೊಸೆಸರ್, 12ನೇ ಪೀಳಿಗೆಯಿಂದ ಈಚಿನವು, ರೈಜನ್ ಇದ್ದರೆ ಮ್ಯಾಕ್‌ಪ್ರೊ 7,1 ಸರಿ. 12ರಿಂದೀಚಿನ ಇಂಟೆಲ್‌ನ ಒಳಗಿನ ಗ್ರಾಫಿಕ್ಸ್‌ಗೆ ಬೆಂಬಲವಿಲ್ಲವಾದ್ದರಿಂದ ಬಯೋಸ್‌ನಲ್ಲೇ ಆಫ್ ಮಾಡಿ. ಎಲ್ಲ ಆದಮೇಲೆ ಸಿಸ್ಟಂ ಇನ್ಫರ್ಮೇಶನ್ ತೆರೆದು ಗ್ರಾಫಿಕ್ಸ್ ವಿಭಾಗದಲ್ಲಿ 8 ಜಿಬಿ, ‘ಮೆಟಲ್ 3’ (ಆಪಲ್‌ನ ಗ್ರಾಫಿಕ್ಸ್ ತಂತ್ರಜ್ಞಾನದ ಆವೃತ್ತಿ) ಎರಡೂ ಕಾಣಬೇಕು. 580ರಲ್ಲಿ ಮೆಟಲ್ 3 ಇಲ್ಲ, ಇದೂ 6600 ಪರವಾದ ಒಂದು ಅಂಶ. ಮೆಮೊರಿ ಬರೀ ಕೆಲವು ಎಂಬಿ ಎಂದು ತೋರಿಸಿ, ಡಾಕ್‌ನ ಪಾರದರ್ಶಕತೆ ಮಾಯವಾಗಿದ್ದರೆ ಡ್ರೈವರ್ ಹತ್ತಿಲ್ಲ ಎಂದರ್ಥ.

ಕುಂದುಗಳೂ ಇವೆ. ಸೋನಿ, ಕ್ಯಾನನ್ ಕ್ಯಾಮೆರಾಗಳ 10 ಬಿಟ್ 4:2:2 (4:2:0ಗಿಂತ ಬಣ್ಣದ ವಿವರ ಹೆಚ್ಚಿರುವ) ಎಚ್.265 ಫೈಲುಗಳನ್ನು ಈ ಕಾರ್ಡ್ ಹಾರ್ಡ್‌ವೇರ್‌ನಲ್ಲಿ ಬಿಡಿಸಲಾರದು, ಯುಎಚ್‌ಡಿ 630 ಕೂಡ ಬಿಡಿಸಲಾರದು. ಹಾಗಾಗಿ ಟೈಮ್‌ಲೈನ್ ತಡೆತಡೆದು ಓಡುತ್ತದೆ. ಮದುವೆ ವಿಡಿಯೊದವರು ಫೈನಲ್ ಕಟ್‌ನಲ್ಲಿ ಇಂಪೋರ್ಟ್ ಮಾಡುವಾಗಲೇ ಪ್ರಾಕ್ಸಿ (ಎಡಿಟ್ ಮಾಡಲು ಹಗುರವಾದ ಪ್ರತಿ) ತಯಾರಿಸುವ ಆಯ್ಕೆ ಒತ್ತಬೇಕು, ಅಥವಾ ಚಿತ್ರೀಕರಣವನ್ನೇ 4:2:0ರಲ್ಲಿ ಮಾಡಬೇಕು. ಸಾಮಾನ್ಯ ಎಚ್.264, 4:2:0 ಎಚ್.265ಕ್ಕೆ ಅಡ್ಡಿಯಿಲ್ಲ. ಕಾರ್ಡ್ ಬಳಸುವುದು ಬೋರ್ಡಿನ ಸ್ಲಾಟಿನ 8 ಲೇನ್ (ಡೇಟಾ ಸಾಗುವ ದಾರಿ) ಮಾತ್ರ, ಪಿಸಿಐಇ 3.0 ಬೋರ್ಡಿನಲ್ಲಿ ತುಸು ವೇಗ ಕಳೆದುಕೊಳ್ಳುತ್ತದೆ. ಎಡಿಟಿಂಗ್‌ನಲ್ಲಿ ಅದು ಚಿಂತೆಯ ವಿಷಯವಲ್ಲ.

ಕಚೇರಿಗಳಿಂದ ಬಂದ ಹಳೆಯ ಸಣ್ಣ ಡೆಲ್, ಎಚ್‌ಪಿ ಪಿಸಿಗೆ 6600 ಹಾಕಲು ಹೋಗಬೇಡಿ, ಎಸ್‌ಎಂಪಿಎಸ್ಸೂ ಸಾಲದು ಜಾಗವೂ ಸಾಲದು. ಅದಕ್ಕೆ ಪ್ರತ್ಯೇಕ ಪವರ್ ವೈರ್ ಕೇಳದ, ಆ ಪೆಟ್ಟಿಗೆಯ ಎತ್ತರಕ್ಕೆ ಕೂರುವ ಆರ್‌ಎಕ್ಸ್ 560 ಹುಡುಕಿ. ಪ್ರೊಸೆಸರ್ 3ನೇ ಪೀಳಿಗೆ ಅಥವಾ ಹಿಂದಿನದಾದರೆ ಅದರಲ್ಲಿ ಎವಿಎಕ್ಸ್2 ಎಂಬ ಆದೇಶಗಳ ಗುಂಪು ಇಲ್ಲ, ವೆಂಚುರಾದಿಂದ ಎಎಂಡಿ ಡ್ರೈವರ್ ಅದನ್ನು ಕೇಳುತ್ತದೆ. ಮಾಂಟೆರೇಯಲ್ಲೇ ನಿಲ್ಲಬೇಕು.

ಕೊಳ್ಳುವ ಜಾಗ: ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗಳಲ್ಲಿ ಎದುರಿಗಿಲ್ಲದಿದ್ದರೆ ಪೂರ್ತಿ ಮಾದರಿ ಹೆಸರು ಬರೆದುಕೊಟ್ಟು ತರಿಸಿ, ಬಾಯಿಮಾತಿನ ‘6600’ ಸಾಲದು. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಬೀದರ್, ಕಲಬುರಗಿಯವರಿಗೆ ಬೆಂಗಳೂರಿನ ಎಸ್‌ಪಿ ರೋಡಿಗಿಂತ ಹತ್ತಿರ. ಎಲ್ಲೇ ಕೊಂಡರೂ ಜಿಎಸ್‌ಟಿ ಬಿಲ್ಲಿನಲ್ಲಿ ಕಾರ್ಡಿನ ಸೀರಿಯಲ್ ನಂಬರ್ ಬರೆಸಿ, ವಾರಂಟಿಗೆ ಅದೇ ಆಧಾರ. ವಾಪಸಾತಿಯ ಮಾತನ್ನೂ ಬಿಲ್ಲಿನ ಮೇಲೇ ಬರೆಸಿ.

ಆವೃತ್ತಿ ಯಾವುದಿರಲಿ ಎಂದರೆ ಸದ್ಯ ಸಿಕೋಯಾ 15. ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯ ಆವೃತ್ತಿ ತಾಹೋ 26 ಎಂದು ಆಪಲ್ 2025ರಲ್ಲಿ ಹೇಳಿದೆ. ತಾಹೋದಲ್ಲಿ 6600 ಓಡುತ್ತದೆ, ಆದರೆ ಆಪಲ್‌ಎಚ್‌ಡಿಎ ಎಂಬ ಆಡಿಯೊ ಡ್ರೈವರ್ ತೆಗೆದುಹಾಕಿರುವುದರಿಂದ ಬೋರ್ಡಿನ ಆಡಿಯೊ ಜ್ಯಾಕ್ ಮೂಕವಾಗುತ್ತದೆ. ಅಲ್ಲಿಗೆ ಹೋಗಲೇಬೇಕಿದ್ದವರು ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಮೊದಲೇ ತಂದಿಟ್ಟುಕೊಂಡು, ಓಪನ್‌ಕೋರ್‌ನ ಬೂಟ್ ಫೈಲುಗಳಿರುವ ಇಎಫ್‌ಐ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ, ಆ ಪೆನ್‌ಡ್ರೈವಿನಿಂದ ಒಮ್ಮೆ ಬೂಟ್ ಮಾಡಿ ನೋಡಿದ ಮೇಲೆಯೇ ಅಪ್‌ಡೇಟ್ ಒತ್ತಲಿ.